ಕಬಿನಿಗೆ ನಾಲ್ಕೇ ಜನ ಹೋಗಿ: ಹುಲಿ ಫೋಟೋ ಸಫಾರಿ ಮಾಡೋದು ಹೇಗೆ

ಮೊದಲ ಸಲ ಕಬಿನಿಗೆ ಹೋದಾಗ ನಾವು ಒಂಬತ್ತು ಜನ ಇದ್ದೆವು. ಒಬ್ಬರಿಗೆ ಹಕ್ಕಿ ಬೇಕು, ಇಬ್ಬರಿಗೆ ಹುಲಿ ಬಿಟ್ಟು ಬೇರೇನೂ ಬೇಡ, ಒಬ್ಬನಿಗೆ ರೀಲ್ಸ್ ಮಾಡಬೇಕು, ಉಳಿದವರು ಪಿಕ್‌ನಿಕ್ಕಿಗೆ ಬಂದವರು. ಜೀಪು ಒಂದು ಕಡೆ ಐದು ನಿಮಿಷ ನಿಲ್ಲಲಿಲ್ಲ. ಮಂಗಟ್ಟೆ ಹಕ್ಕಿಗೆ ನಿಲ್ಲಿಸಿದರೆ ಹಿಂದಿನ ಸೀಟಿನಿಂದ "ಹುಲಿ ತೋರಿಸಿ ಸಾರ್" ಅಂತ ಕೂಗು. ಹೊರಗೆ ಬಂದ ಮೇಲೆ ಡ್ರೈವರ್ ಮೆಲ್ಲಗೆ ಹೇಳಿದರು, "ಬಲಗಡೆ ಕಡವೆ ಕೂಗ್ತಿತ್ತು ಸಾರ್. ನಿಮ್ಮವರ ಗಲಾಟೆಗೆ ನಿಲ್ಲಿಸಿಲ್ಲ." ಕಡವೆ ಕೂಗಿತು ಅಂದರೆ ಹುಲಿಯೋ ಚಿರತೆಯೋ ಹತ್ತಿರದಲ್ಲಿರಬಹುದು ಅಂತ.

ಅವತ್ತಿನಿಂದ ನಾಲ್ಕೇ ಜನ. ಹುಲಿ ಫೋಟೋ ಸಿಗೋದು ಬಿಡೋದು ಲೆನ್ಸಿಗಿಂತ ಜಾಸ್ತಿ ಜೀಪಿನಲ್ಲಿ ಯಾರು ಕೂತಿದ್ದಾರೆ ಅನ್ನೋದರ ಮೇಲಿದೆ ಅನ್ನೋದು ನನ್ನ ಅನುಭವ. ಹಾಗಾಗಿ ಬುಕಿಂಗಿಗೂ ಮೊದಲು ಜನ ಆರಿಸಿ. ಒಳ್ಳೆ ಕ್ಯಾಮೆರಾ ಇರುವವರನ್ನಲ್ಲ, ಒಂದು ಗಂಟೆ ಬಾಯಿ ಮುಚ್ಚಿಕೊಂಡು ಕೂರಬಲ್ಲವರನ್ನು. ಹೊರಡೋ ಮೊದಲೇ ಒಂದು ಮಾತು ಇತ್ಯರ್ಥ ಮಾಡಿಕೊಳ್ಳಿ: ಹುಲಿಗಾಗಿ ಕಾಯೋದಾ, ಅಥವಾ ಸಿಕ್ಕಿದ್ದನ್ನೆಲ್ಲ ತೆಗೆಯೋದಾ? ಎರಡೂ ಸರಿ. ಆದರೆ ಇಬ್ಬರು ಹೀಗೆ, ಇಬ್ಬರು ಹಾಗೆ ಆದರೆ ಜೀಪಿನಲ್ಲೇ ಜಗಳ.

ಕಬಿನಿಯೇ ಯಾಕೆ ಅಂದರೆ, ನಮ್ಮವರಿಗೆ ಹತ್ತಿರ. ಬೆಂಗಳೂರಿನಿಂದ ಸುಮಾರು 220 ಕಿಲೋಮೀಟರ್, ಮೈಸೂರು ದಾಟಿ ಎಚ್.ಡಿ. ಕೋಟೆ ಮೇಲೆ ಕಾರಾಪುರಕ್ಕೆ ಹೋದರಾಯಿತು. 2022ರ ಗಣತಿಯಲ್ಲಿ ಕರ್ನಾಟಕಕ್ಕೆ 563 ಹುಲಿ ಅಂತ ಲೆಕ್ಕ ಬಂತು, ಮಧ್ಯಪ್ರದೇಶದ 785 ಬಿಟ್ಟರೆ ನಮ್ಮದೇ ಜಾಸ್ತಿ. ಅದರಲ್ಲಿ ಬಂಡೀಪುರದ್ದು 150, ನಾಗರಹೊಳೆಯದ್ದು 141. ಈ ಎರಡು ಕಾಡಿನ ನಡುವೆ ಕಬಿನಿ ಹಿನ್ನೀರು ಹರಡಿಕೊಂಡಿದೆ. 1974ರಲ್ಲಿ ಬೀಚನಹಳ್ಳಿಯಲ್ಲಿ ಅಣೆಕಟ್ಟು ಕಟ್ಟಿದ ಮೇಲೆ ಆದದ್ದು. ಬೇಸಿಗೆಯಲ್ಲಿ ಆ ನೀರು ಇಳಿದಾಗ ದಡದಲ್ಲಿ ಹಸಿ ಹುಲ್ಲು ಏಳುತ್ತದೆ, ಅದನ್ನು ಹುಡುಕಿಕೊಂಡು ಆನೆ, ಕಾಟಿ, ಜಿಂಕೆ ಎಲ್ಲ ಅಲ್ಲಿಗೇ ಬರುತ್ತವೆ, ಜಿಂಕೆಯ ಹಿಂದೆ ಹುಲಿ.

ಬುಕ್ ಮಾಡೋ ಮೊದಲು ಸಫಾರಿ ನಡೀತಿದೆಯಾ ಅಂತ ಫೋನ್ ಮಾಡಿ ಕೇಳಿ. ಸುಮ್ನೆ ಹೇಳುತ್ತಿಲ್ಲ. 2025ರ ನವೆಂಬರಿನಲ್ಲಿ ಸರಗೂರು ಕಡೆ ಹುಲಿ ದಾಳಿಗೆ ಜನ ಸತ್ತಾಗ ಸರ್ಕಾರ ಬಂಡೀಪುರ, ನಾಗರಹೊಳೆ ಎರಡೂ ಕಡೆ ಸಫಾರಿ ನಿಲ್ಲಿಸಿತ್ತು. ನಮಗೆ ಬುಕಿಂಗ್ ಕ್ಯಾನ್ಸಲ್ ಆದ ಬೇಜಾರು. ಕಾಡಂಚಿನ ರೈತನಿಗೆ ಬೆಳಗ್ಗೆ ಹೊಲಕ್ಕೆ ಹೋಗೋದೇ ಭಯ. ಆ ಊರುಗಳ ನಡುವೆ ಕಾರು ಓಡಿಸುವಾಗ "ಹುಲಿ ಇದೆಯಾ ಇಲ್ಲಿ?" ಅಂತ ಖುಷಿಯಲ್ಲಿ ಕೇಳಬೇಡಿ, ಪ್ಲೀಸ್.

ಒಂದು ರಾತ್ರಿಗೆ ಹೋಗಬೇಡಿ. ಒಂದು ರಾತ್ರಿ ಅಂದರೆ ಎರಡೇ ಸಫಾರಿ, ಮಧ್ಯಾಹ್ನದ್ದೊಂದು, ಮರುದಿನ ಬೆಳಗ್ಗೆಯದ್ದೊಂದು. ಎರಡು ರಾತ್ರಿ ಉಳಿದರೆ ನಾಲ್ಕು. ಮೊದಲನೆಯದು ಕ್ಯಾಮೆರಾ ಸೆಟ್ಟಿಂಗ್ ಸರಿಮಾಡಿಕೊಳ್ಳೋದರಲ್ಲೇ ಹೋಗುತ್ತದೆ, ಒಂದು ಮಳೆಗೋ ಮಂಜಿಗೋ ಹೋಗುತ್ತದೆ, ಉಳಿದ ಎರಡರಲ್ಲಿ ನಿಮ್ಮ ಅದೃಷ್ಟ. ನಾಲ್ವರಿಗೇ ಇಡೀ ಜೀಪು ಸಿಗುತ್ತದಾ, ದುಡ್ಡು ಎಷ್ಟಾಗುತ್ತದೆ ಅನ್ನೋದನ್ನು ಬುಕಿಂಗ್ ದಿನವೇ ಬಾಯಿಬಿಟ್ಟು ಕೇಳಿ. ದೊಡ್ಡ ಲೆನ್ಸಿಗೆ ಬೇರೆ ಶುಲ್ಕ ಇರುತ್ತದೆ, ಅದನ್ನೂ ಕೇಳಿ. ಒಮ್ಮೆ ಒಂದು ರೆಸಾರ್ಟಿನವರು "ನಿಮಗೇ ಜೀಪು" ಅಂತ ಫೋನಲ್ಲಿ ಹೇಳಿ, ಬೆಳಗ್ಗೆ ನೋಡಿದರೆ ಮೂರು ಮಕ್ಕಳಿದ್ದ ಒಂದು ಕುಟುಂಬವನ್ನೂ ಹತ್ತಿಸಿದ್ದರು. ಮಕ್ಕಳ ತಪ್ಪಲ್ಲ, ಪಾಪ. ಅಂದಿನಿಂದ ನಾನು ಎಲ್ಲವನ್ನೂ ಮೆಸೇಜಿನಲ್ಲಿ ಬರೆಸಿಕೊಳ್ಳುತ್ತೇನೆ. ಸಫಾರಿ ಕಾಡನ್ನು ಎ ಝೋನ್, ಬಿ ಝೋನ್ ಅಂತ ಭಾಗ ಮಾಡಿದ್ದಾರೆ, ಯಾವುದು ಸಿಗುತ್ತದೆ ಅನ್ನೋದು ನಿಮ್ಮ ಕೈಯಲ್ಲಿಲ್ಲ. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಯಾವಾಗ ಹೋಗಬೇಕು? ಹುಲಿ ಬೇಕಾದರೆ ಮಾರ್ಚ್‌ನಿಂದ ಮೇ. ಕಾಡು ಒಣಗಿರುತ್ತದೆ, ದೂರದವರೆಗೂ ಕಾಣುತ್ತದೆ, ಪ್ರಾಣಿಗಳು ನೀರು ಬಿಟ್ಟು ದೂರ ಹೋಗೋದಿಲ್ಲ. ಆದರೆ ಒಂದು ಒಳ್ಳೆ ಬೇಸಿಗೆ ಮಳೆ ಬಿದ್ದರೆ ಲೆಕ್ಕವೆಲ್ಲ ಉಲ್ಟಾ. ಕಾಡಿನೊಳಗಿನ ಹಳ್ಳ ಗುಂಡಿಗಳಲ್ಲೆಲ್ಲ ನೀರು ನಿಲ್ಲುತ್ತದೆ, ಹುಲಿ ಕೆರೆಗೆ ಬರಬೇಕು ಅಂತೇನೂ ಇಲ್ಲ. ಭರಣಿ ಮಳೆ ಬಂದರೆ ಧರಣಿ ಬದುಕೀತು ಅಂತಾರೆ, ಫೋಟೋಗ್ರಾಫರ್ ಮಾತ್ರ ಸಾಯುತ್ತಾನೆ. ಇನ್ನು ನವೆಂಬರಿನಿಂದ ಜನವರಿ ಕಾಡು ಹಸಿರು, ಬೆಳಗ್ಗೆ ಮಂಜು, ಅದರೊಳಗೆ ತೂರಿ ಬರುವ ಬಿಸಿಲು. ಫೋಟೋ ಚೆನ್ನಾಗಿ ಬರುತ್ತದೆ, ಹುಲಿ ಕಾಣೋದು ಕಮ್ಮಿ. ಲಂಟಾನ ಪೊದೆ ರಸ್ತೆಯಂಚಿನವರೆಗೂ ಬೆಳೆದಿರುತ್ತದೆ, ಹತ್ತು ಅಡಿ ಆಚೆ ಹುಲಿ ಮಲಗಿದ್ದರೂ ಗೊತ್ತಾಗೋದಿಲ್ಲ.

ಲೆನ್ಸ್ ವಿಷಯಕ್ಕೆ ಬರೋಣ. 100-400 ಎಂಎಂ ಅಥವಾ 150-600 ಎಂಎಂ ಝೂಮ್ ಸಾಕು. 600 ಪ್ರೈಮ್ (ಝೂಮ್ ಆಗದ ಲೆನ್ಸ್) ಇಲ್ಲದೆ ಹೋಗಬಾರದು ಅನ್ನುವವರ ಮಾತು ಕೇಳಬೇಡಿ, ಕಬಿನಿಯ ಕಾಡುರಸ್ತೆಯಲ್ಲಿ ಹುಲಿ ಬಂದರೆ ಎಷ್ಟೋ ಸಲ ತೀರಾ ಹತ್ತಿರ ಬರುತ್ತದೆ, ಆಗ 600ರಲ್ಲಿ ಬರೀ ಮೂಗು ಮೀಸೆ. ಹಿನ್ನೀರಿನ ಆಚೆ ದಡದಲ್ಲಿ ಕಂಡಾಗ ಮಾತ್ರ ಉದ್ದದ ಲೆನ್ಸ್ ಬೇಕು ಅನಿಸುತ್ತದೆ, ಆದರೆ ಮಧ್ಯಾಹ್ನ ಮೂರೂವರೆಯ ಬಿಸಿಲಿಗೆ ನೀರಿನ ಮೇಲಿನ ಗಾಳಿ ಕುದಿಯುವ ಹಾಗೆ ಅಲ್ಲಾಡುತ್ತಿರುತ್ತದೆ, ಎಷ್ಟು ದುಡ್ಡಿನ ಲೆನ್ಸ್ ಇದ್ದರೂ ಚಿತ್ರ ಕದಡಿಯೇ ಬರೋದು. ನಾಲ್ವರಲ್ಲಿ ಒಬ್ಬರಾದರೂ 70-200 ಇಟ್ಟುಕೊಳ್ಳಿ. ಜೀಪಿನಲ್ಲಿ ಲೆನ್ಸ್ ಬದಲಿಸಬೇಡಿ, ಆ ಕೆಂಪು ಧೂಳು ಸೆನ್ಸರಿಗೆ ಕೂತರೆ ಪ್ರತಿ ಫೋಟೋದ ಆಕಾಶದಲ್ಲೂ ಚುಕ್ಕಿ. ಕ್ಯಾಮೆರಾ ಮುಚ್ಚೋಕೆ ಹಳೇ ದಿಂಬಿನ ಕವರ್ ಸಾಕು. ಎರಡು ಸೆಕೆಂಡಿನಲ್ಲಿ ಎಳೆದು ಬಿಸಾಕಬಹುದು.

ಟ್ರೈಪಾಡ್ ಬೇಡ. ಜೀಪಿನ ಕಂಬಿಯ ಮೇಲೆ ಬೀನ್ ಬ್ಯಾಗ್ ಇಟ್ಟು ಅದರ ಮೇಲೆ ಲೆನ್ಸ್ ಕೂರಿಸಿ. ಖಾಲಿ ಚೀಲ ತೆಗೆದುಕೊಂಡು ಹೋಗಿ ಎಚ್.ಡಿ. ಕೋಟೆಯಲ್ಲಿ ಎರಡು ಕೆ.ಜಿ. ರಾಗಿ ತುಂಬಿಸಿಕೊಳ್ಳಿ. ಅಕ್ಕಿಗಿಂತ ರಾಗಿ ಕಾಳು ಸಣ್ಣದು, ಲೆನ್ಸಿನ ಸುತ್ತ ಹಿಡಿದಂತೆ ಕೂರುತ್ತದೆ. ಪೂರ್ತಿ ತುಂಬಬೇಡಿ, ಮುಕ್ಕಾಲು ಭಾಗ ಸಾಕು.

ಈಗ ನನ್ನದೇ ಒಂದು ಅವಮಾನದ ಕತೆ. ಹಿಂದಿನ ಸಂಜೆ ಮಲಗಿದ್ದ ಚಿರತೆಗೆ ಅಂತ ಶಟರ್ ಸ್ಪೀಡನ್ನು ಸೆಕೆಂಡಿನ 1/80ಕ್ಕೆ ಇಳಿಸಿದ್ದೆ. ಬೆಳಗ್ಗೆ ಬದಲಿಸಲಿಲ್ಲ. ಗೇಟಿನಿಂದ ಒಳಗೆ ಹೋಗಿ ಹತ್ತು ನಿಮಿಷವಾಗಿಲ್ಲ, ಗಂಡು ಹುಲಿಯೊಂದು ಎಡಗಡೆ ತೇಗದ ಮರಗಳಿಂದ ಇಳಿದು, ರಸ್ತೆ ದಾಟಿ, ಬಲಗಡೆ ಹೋಯಿತು. ಎಂಟು ಸೆಕೆಂಡ್ ಇರಬಹುದು. 41 ಫೋಟೋ ತೆಗೆದೆ, 41ರಲ್ಲೂ ಹಳದಿ ಹೊಗೆ. ಅವತ್ತಿನಿಂದ ಜೀಪು ಹೊರಡೋ ಮೊದಲು ಒಬ್ಬರು "ಶಟರ್?" ಅಂತ ಕೇಳುತ್ತಾರೆ, ನಾಲ್ವರೂ ತಮ್ಮ ತಮ್ಮ ನಂಬರ್ ಜೋರಾಗಿ ಹೇಳಬೇಕು. ಸ್ಕೂಲಿನ ಹಾಜರಿ ತರಹ. ನಗಬೇಡಿ, ಮಾಡಿ ನೋಡಿ.

ನಡೆಯುವ ಹುಲಿಗೆ 1/1000, ಕೂತದ್ದಕ್ಕೆ 1/250 ಸಾಕು. ಬೆಳಗ್ಗೆ ಆರೂವರೆಗೆ ಮರದಡಿ ಬೆಳಕೇ ಇರೋದಿಲ್ಲ, ಐಎಸ್‌ಒ (ಸೆನ್ಸರ್ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನೋ ಸೆಟ್ಟಿಂಗ್) 6400ಕ್ಕೆ ಹೋದರೂ ಹೆದರಬೇಡಿ. ಕಾಳು ಕಾಳಾಗಿ ಬಂದ ಫೋಟೋ ಆಮೇಲೆ ಸರಿಮಾಡಬಹುದು, ಅಲ್ಲಾಡಿದ್ದನ್ನು ಯಾರೂ ಸರಿಮಾಡಲಾರರು. ಐಎಸ್‌ಒ ಆಟೋ ಇಡಿ, ಶಟರ್ ಮಾತ್ರ ನಿಮ್ಮ ಕೈಯಲ್ಲಿರಲಿ, ರಾ ಫೈಲ್‌ನಲ್ಲಿ (ಆಮೇಲೆ ತಿದ್ದೋಕೆ ಅನುಕೂಲವಾದ ಕಚ್ಚಾ ಫೈಲ್) ತೆಗೆಯಿರಿ. ಪ್ರಾಣಿಯ ಕಣ್ಣನ್ನು ತಾನೇ ಹಿಡಿಯುವ ಫೋಕಸ್ ಬಯಲಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ಲಂಟಾನದ ಹಿಂದೆ ಹುಲಿ ಇದ್ದಾಗ ಮುಂದಿನ ಎಲೆಯನ್ನೇ ಹಿಡಿದುಕೊಳ್ಳುತ್ತದೆ. ಆಗ ಒಂದೇ ಚುಕ್ಕಿಯ ಫೋಕಸ್ಸಿಗೆ ಬದಲಿಸೋದು ಹೇಗೆ ಅಂತ ಮನೆಯಲ್ಲೇ ನಾಯಿ ಮೇಲೋ ಬೆಕ್ಕಿನ ಮೇಲೋ ಅಭ್ಯಾಸ ಮಾಡಿ. ಬೀಪ್ ಸದ್ದು, ಫೋಕಸ್ ಲೈಟು, ಫ್ಲ್ಯಾಶ್ ಎಲ್ಲ ಆಫ್. ಮೊಬೈಲ್ ಒಳಗಿಡಿ. 2025ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟೇ ಹುಲಿ ಕಾಡಿನ ಕೋರ್ ಭಾಗದ ಪ್ರವಾಸಿ ವಲಯಗಳಲ್ಲಿ ಮೊಬೈಲ್ ಬಳಸಬಾರದು ಅಂದಿದೆ.

ಸೀಟು ಪ್ರತಿ ಸಫಾರಿಗೂ ಬದಲಿಸಿಕೊಳ್ಳಿ. ಸಾಲಿಗೆ ಇಬ್ಬರು, ಎಡಕ್ಕೊಬ್ಬರು ಬಲಕ್ಕೊಬ್ಬರು. ನಿಮ್ಮ ಕಡೆಯನ್ನು ಮಾತ್ರ ನೋಡಿ, ಇನ್ನೊಂದು ಕಡೆ ನೋಡೋಕೆ ಇನ್ನೊಬ್ಬರಿದ್ದಾರೆ. ಪ್ರಾಣಿ ಎಡಗಡೆ ಕಂಡರೆ ಬಲಗಡೆಯವರು ಧುಮುಕಬಾರದು, ಒಬ್ಬರು ಕುಲುಕಿದರೆ ಜೀಪು ಕುಲುಕುತ್ತದೆ, ನಾಲ್ವರ ಫೋಟೋನೂ ಹೋಗುತ್ತದೆ. ಮೊದಲು ಡ್ರೈವರ್ ಎಂಜಿನ್ ಆಫ್ ಮಾಡಲಿ, ಆಮೇಲೆ ಬಲಗಡೆಯವರು ಮೆಲ್ಲಗೆ ನಡುವಿಗೆ ಜರುಗಲಿ.

ಇನ್ನು ಕಾಯೋದು. ಗೈಡ್‌ನಲ್ಲಿ ಬರೆಯೋಕೆ ಕಷ್ಟ ಇದು, ಒಂದು ಸಂಜೆ ಹೇಳಿಬಿಡುತ್ತೇನೆ.

ಏಪ್ರಿಲ್ ಕೊನೆ. ನಾಲ್ಕು ಗಂಟೆ. ಒಂದು ಸಣ್ಣ ಕೆರೆ ಹತ್ತಿರ ಬಂದಾಗ ಮುಸಿಯವೊಂದು (ಕಪ್ಪು ಮುಖದ ಕೋತಿ) ಮತ್ತಿ ಮರದ ತುದಿಯಿಂದ ಕೆಮ್ಮಿದ ಹಾಗೆ ಕೂಗಿತು. ಡ್ರೈವರ್ ಬ್ರೇಕ್ ಹಾಕಿದರು. ಜಿಂಕೆಗಳೂ ಕೂಗಿದವು, ಆದರೆ ಜಿಂಕೆಯ ಮಾತು ನಂಬೋ ಹಾಗಿಲ್ಲ, ಅದು ಎಲೆ ಅಲ್ಲಾಡಿದರೂ ಕೂಗುತ್ತದೆ. ಎಲ್ಲ ಜಿಂಕೆಗಳೂ ಒಂದೇ ದಿಕ್ಕಿಗೆ ಮುಖ ಮಾಡಿ, ಬಾಲ ಎತ್ತಿ, ಮುಂಗಾಲು ನೆಲಕ್ಕೆ ಬಡಿಯುತ್ತಿವೆಯಾ ನೋಡಬೇಕು. ಬಡಿಯುತ್ತಿದ್ದವು. ನಮ್ಮ ಪಕ್ಕ ಇನ್ನೆರಡು ಜೀಪು ಬಂದು ನಿಂತವು, ಹತ್ತು ನಿಮಿಷ ನೋಡಿದವು, ಹೋದವು. ನಾವು ಕೂತೆವು. ಆಮೇಲೆ ಕೆರೆಯ ಆಚೆಯಿಂದ ಕಡವೆ "ಢಾಂಕ್" ಅಂತ ಒಂದೇ ಸಲ ಕೂಗಿತು. ಡ್ರೈವರ್ ತಿರುಗಿ ನೋಡಿ ಒಂದು ಬೆರಳು ಎತ್ತಿದರು, ಅಷ್ಟೇ. ಕಡವೆ ಸುಮ್ಮಸುಮ್ಮನೆ ಕೂಗೋದಿಲ್ಲ.

ಮತ್ತೆ ನಲವತ್ತು ನಿಮಿಷ ಏನೂ ಇಲ್ಲ. ನೊಣ ಕಚ್ಚುತ್ತಿದ್ದವು. ನನ್ನ ಪಕ್ಕದವನ ಹೊಟ್ಟೆ ಗುರ್ ಅಂದಿದ್ದು ನಮಗೆಲ್ಲ ಕೇಳಿಸಿತು. ಆಮೇಲೆ ಬಿದಿರು ಮೆಳೆಯ ಪಕ್ಕದ ನೆರಳು ನಡೆಯೋಕೆ ಶುರುಮಾಡಿತು. ಹೆಣ್ಣು ಹುಲಿ. ಕೆರೆ ಅಂಚಿಗೆ ಬಂತು, ನಮ್ಮನ್ನು ನೋಡಿತು, ನಮ್ಮಿಂದ ಏನೂ ಆಗಬೇಕಾದ್ದಿಲ್ಲ ಅನ್ನೋ ಹಾಗೆ ಮುಖ ತಿರುಗಿಸಿತು, ಆಮೇಲೆ ನೀರಿಗೆ ಬೆನ್ನು ಹಾಕಿ ಹಿಂದೆ ಹಿಂದೆ ಹೆಜ್ಜೆ ಇಡುತ್ತಾ ಹಿಂಗಾಲಿನಿಂದ ನೀರಿಗಿಳಿದು ಕೂತಿತು. ಹುಲಿಗಳು ಎಷ್ಟೋ ಸಲ ಹಾಗೇ ಇಳಿಯೋದು, ಮುಖಕ್ಕೆ ನೀರು ಎರಚೋದು ಅವಕ್ಕೆ ಹಿಡಿಸೋದಿಲ್ಲ. ಗೊತ್ತಿದ್ದದ್ದರಿಂದ ನಾನು ಮೊದಲೇ ಝೂಮ್ ಅಗಲ ಮಾಡಿ ನೀರಿನಲ್ಲಿನ ನೆರಳಿಗೂ ಜಾಗ ಬಿಟ್ಟಿದ್ದೆ. ಇಪ್ಪತ್ತು ನಿಮಿಷ ಕೂತಿತ್ತು. ಮೊದಲ ಎರಡು ನಿಮಿಷ ನಾಲ್ಕು ಕ್ಯಾಮೆರಾ ಟರ್ ಟರ್ ಅಂದವು, ಆಮೇಲೆ ಒಬ್ಬೊಬ್ಬರಾಗಿ ಕೆಳಗಿಟ್ಟು ಸುಮ್ನೆ ನೋಡುತ್ತಾ ಕೂತೆವು.

ಹುಲಿ ಸಿಕ್ಕಾಗ ಸಾಧ್ಯವಾದರೆ ಎಡ ಬಲ ಎರಡೂ ಮಗ್ಗುಲಿನ ಫೋಟೋ ತೆಗೆಯಿರಿ. ನಮ್ಮ ಬೆರಳಚ್ಚಿನ ಹಾಗೆ ಒಂದೊಂದು ಹುಲಿಯ ಪಟ್ಟೆಯೂ ಬೇರೆ, ಒಂದೇ ಹುಲಿಯ ಎರಡು ಮಗ್ಗುಲೂ ಬೇರೆ. ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು 1990ರ ದಶಕದಲ್ಲಿ ಇದೇ ನಾಗರಹೊಳೆಯಲ್ಲಿ ಕ್ಯಾಮೆರಾ ಟ್ರ್ಯಾಪ್ (ಪ್ರಾಣಿ ಎದುರು ಬಂದರೆ ತಾನೇ ಫೋಟೋ ತೆಗೆಯುವ ಕ್ಯಾಮೆರಾ) ಕಟ್ಟಿ, ಪಟ್ಟೆ ನೋಡಿ ಹುಲಿ ಲೆಕ್ಕ ಹಾಕುವ ವಿಧಾನ ಬೆಳೆಸಿದ್ದು. ನೀವು ಕಂಡ ಹುಲಿ ಹೋದ ವರ್ಷ ಕಂಡದ್ದೇನಾ ಅಂತ ಮನೆಯಲ್ಲಿ ಕೂತು ಹೋಲಿಸಿ ನೋಡೋದು ಒಳ್ಳೆ ಮಜಾ.

ಡ್ರೈವರಿಗೆ "ಇನ್ನೂ ಸ್ವಲ್ಪ ಹತ್ತಿರ ಹೋಗಿ, ನೋಡ್ಕೋತೀವಿ" ಅಂತ ಯಾವತ್ತೂ ಹೇಳಬೇಡಿ. ರೂಲ್ಸ್ ಮುರಿದದ್ದು ಗೊತ್ತಾದರೆ ಹೋಗೋದು ಅವರ ಕೆಲಸ, ನಿಮ್ಮದಲ್ಲ. ಭಕ್ಷೀಸು ಹುಲಿ ಕಂಡ ದಿನ ಎಷ್ಟೋ, ಕಾಣದ ದಿನವೂ ಅಷ್ಟೇ ಕೊಡಿ. ಎರಡನೇ ದಿನ ಅವರೇ ನಿಮ್ಮ ಹತ್ತಿರ ಬಂದು "ನಿನ್ನೆ ರಾತ್ರಿ ಆ ಕಡೆ ಕೂಗ್ತಿತ್ತು" ಅಂತ ಹೇಳುತ್ತಾರೆ. ಆ ಮಾಹಿತಿ ಯಾವ ಆ್ಯಪಿನಲ್ಲೂ ಸಿಗೋದಿಲ್ಲ. ಕಬಿನಿಯ ಹೆಸರಾದ ಕರಿಚಿರತೆ ಎಲ್ಲಿ ಅಂತ ಮಾತ್ರ ಕೇಳಬೇಡಿ. ದಿನಕ್ಕೆ ಎಷ್ಟು ಜನಕ್ಕೆ ಉತ್ತರ ಹೇಳುತ್ತಾರೆ ಅವರು.

ಉಳಿದದ್ದೆಲ್ಲ ಚಿಲ್ಲರೆ ವಿಷಯ. ಮಣ್ಣಿನ ಬಣ್ಣದ ಬಟ್ಟೆ, ಸೆಂಟ್ ಬೇಡ, ಬೆಳಗ್ಗೆಗೆ ಸ್ವೆಟರ್, ಹೊರಡೋ ಮೊದಲು ಬಾತ್‌ರೂಮ್ (ಒಳಗೆ ಹೋದರೆ ಮೂರು ಗಂಟೆ ಇಳಿಯೋ ಹಾಗಿಲ್ಲ, ಟೀ ಕಮ್ಮಿ ಕುಡಿಯಿರಿ). ಫೋಟೋವನ್ನು ಜೀಪಿನಲ್ಲಿ ಕೂತು ಡಿಲೀಟ್ ಮಾಡಬೇಡಿ, ತಲೆ ಬಗ್ಗಿಸಿಕೊಂಡಾಗಲೇ ಚಿರತೆ ದಾಟೋದು. ರಾತ್ರಿ ಮಲಗೋ ಮೊದಲು ಕಾರ್ಡ್ ಕಾಪಿ ಮಾಡಿಕೊಳ್ಳಿ. ಗ್ರೂಪಿಗೆ ಹಾಕುವಾಗ ಯಾವ ಕೆರೆ, ಯಾವ ರಸ್ತೆ ಅಂತ ಬರೆಯಬೇಡಿ, ಮರುದಿನ ಅಲ್ಲಿ ಹದಿನೈದು ಜೀಪು ನಿಂತಿರುತ್ತವೆ.

ಹಾಂ, ಆ ರಾಗಿ. ಮನೆಗೆ ಬಂದ ದಿನವೇ ಚೀಲದಿಂದ ತೆಗೆದು ಬಿಸಿಲಿಗೆ ಹರಡಿ. ಒಮ್ಮೆ ಮಳೆಗೆ ನೆನೆದದ್ದನ್ನು ಹಾಗೇ ಕಾರಿನ ಡಿಕ್ಕಿಯಲ್ಲಿ ಬಿಟ್ಟಿದ್ದೆ, ನಾಲ್ಕು ದಿನ ಬಿಟ್ಟು ತೆಗೆದರೆ ಚೀಲದ ಹೊಲಿಗೆಯಿಂದ ಮೊಳಕೆ ಹೊರಗೆ ಬಂದಿತ್ತು. ಅಮ್ಮ ನೋಡಿ, "ಹುಲಿ ಬಿಡು, ಇದಾದ್ರೂ ಸಿಕ್ತಲ್ಲ" ಅಂದರು.