ಜುಲೈ ನಾಲ್ಕಕ್ಕೆ ಕೆಂಪು, ಬಿಳಿ, ನೀಲಿ ಹಣ್ಣಿನ ಸಲಾಡ್

ಅಮೆರಿಕದಲ್ಲಿರುವ ನಮ್ಮ ಕನ್ನಡದ ಮನೆಗಳಲ್ಲಿ ಜೂನ್ ಮುಗಿಯುವ ಹೊತ್ತಿಗೆ ಪಾಟ್‌ಲಕ್ ಪಟ್ಟಿ ಶುರುವಾಗುತ್ತದೆ. ಒಬ್ಬರು ಪುಳಿಯೋಗರೆ, ಒಬ್ಬರು ಮೊಸರನ್ನ, ಇನ್ನೊಬ್ಬರು ಮಕ್ಕಳಿಗೆ ವೆಜ್ ಬರ್ಗರ್. ಹಣ್ಣಿನ ಸಲಾಡ್ ಸುಲಭ ಅಂತ ಅದನ್ನು ಹೊಸದಾಗಿ ಬಂದವರ ಹೆಸರಿಗೆ ಬರೆದುಬಿಡುತ್ತಾರೆ. ಸುಲಭ ಹೌದು, ಆದರೆ ಜುಲೈ 4, ಅಂದರೆ ಅಮೆರಿಕದ ಸ್ವಾತಂತ್ರ್ಯ ದಿನದ ಸಲಾಡ್ ಸ್ವಲ್ಪ ಬೇರೆ. ಅದರಲ್ಲಿ ಈ ದೇಶದ ಬಾವುಟದ ಮೂರು ಬಣ್ಣ ಕಾಣಬೇಕು, ಅದೂ ಬಿಸಿಲಿನ ದಿನ, ಪಾರ್ಕಿನಲ್ಲಿ, ಎಲ್ಲರೂ ಬಂದು ಸೇರಿ ಊಟಕ್ಕೆ ಕೂರುವ ಹೊತ್ತಿನಲ್ಲೂ ಕಾಣಬೇಕು. ಬೆಳಿಗ್ಗೆಯೇ ಎಲ್ಲ ಹಣ್ಣು ಹೆಚ್ಚಿ ಒಂದೇ ಪಾತ್ರೆಯಲ್ಲಿ ಕಲಸಿಟ್ಟರೆ ಮಧ್ಯಾಹ್ನಕ್ಕೆ ಸೇಬು ಕಂದು, ಬಾಳೆಹಣ್ಣು ಕಪ್ಪು, ಎಲ್ಲದರ ಮೇಲೂ ಸ್ಟ್ರಾಬೆರಿಯ ಗುಲಾಬಿ ನೀರು. ಅದಕ್ಕೇ ನಾನು ಕೇಳಿದವರಿಗೆಲ್ಲ ಹೇಳುವುದು ಇಷ್ಟೇ. ಹಣ್ಣನ್ನು ತೊಳೆದು ಚೆನ್ನಾಗಿ ಒಣಗಿಸಿ, ಬಡಿಸುವವರೆಗೂ ಬಣ್ಣಗಳನ್ನು ಬೇರೆ ಬೇರೆ ಇಡಿ.

ನೀಲಿಯಿಂದ ಶುರು ಮಾಡೋಣ, ಅದು ಎಲ್ಲಕ್ಕಿಂತ ನಿರಾಳ. ಬ್ಲೂಬೆರಿ ಅಪ್ಪಟ ಈ ನೆಲದ ಹಣ್ಣು. ಕಲ್ಲಂಗಡಿ ಆಫ್ರಿಕಾದಿಂದ ಬಂದದ್ದು, ಸೇಬು ಮಧ್ಯ ಏಷ್ಯಾದಿಂದ. ಬ್ಲೂಬೆರಿ ಮಾತ್ರ ಇಲ್ಲಿನ ಕಾಡಿನಲ್ಲೇ ಬೆಳೆಯುತ್ತಿದ್ದದ್ದು. ಅದನ್ನು ತೋಟದ ಬೆಳೆಯಾಗಿ ಪಳಗಿಸಿದ್ದು ನ್ಯೂಜೆರ್ಸಿಯ ವೈಟ್ಸ್‌ಬಾಗ್ ಅನ್ನುವ ಊರಲ್ಲಿ. ಎಲಿಜಬೆತ್ ವೈಟ್ ಅನ್ನುವ ರೈತರ ಮನೆಯ ಹೆಣ್ಣುಮಗಳು ಕಾಡಿಗೆ ಹಣ್ಣು ಕೀಳಲು ಹೋಗುವವರಿಗೆ ಹೇಳಿ, ದಪ್ಪ ಹಣ್ಣು ಬಿಡುವ ಗಿಡಗಳನ್ನು ಹುಡುಕಿಸಿದರು. ಫ್ರೆಡರಿಕ್ ಕೋವಿಲ್ ಅನ್ನುವ ಸಸ್ಯ ವಿಜ್ಞಾನಿಯ ಜೊತೆ ಸೇರಿ ತಳಿ ಮಾಡಿ, 1916ರಲ್ಲಿ ಮೊದಲ ಬೆಳೆ ಮಾರುಕಟ್ಟೆಗೆ ಕಳಿಸಿದರು. ಈ ದೇಶದ ಹಬ್ಬಕ್ಕೆ ಈ ದೇಶದ ಹಣ್ಣು ಅಂತ ಇಟ್ಟರೆ ಅದಕ್ಕೊಂದು ಅರ್ಥ ಬರುತ್ತದೆ, ಅಲ್ವಾ? ನ್ಯೂಜೆರ್ಸಿಯಲ್ಲಿ ಸರಿಯಾಗಿ ಜುಲೈ ಮೊದಲ ವಾರ ಬ್ಲೂಬೆರಿ ತುಂಬಿ ಬರುತ್ತದೆ. ಹತ್ತಿರದಲ್ಲಿ ನಾವೇ ಕಿತ್ತು ತರುವ ತೋಟ ಇದ್ದರೆ ಹಿಂದಿನ ದಿನ ಮಕ್ಕಳನ್ನು ಕರೆದುಕೊಂಡು ಹೋಗಿ. ತೊಟ್ಟಿನ ಹತ್ತಿರ ಕೆಂಪು ಛಾಯೆ ಇದ್ದರೆ ಇನ್ನೂ ಕಾಯಿ ಅಂತ ಲೆಕ್ಕ, ಕಿತ್ತ ಮೇಲೆ ಅದು ಸಿಹಿಯಾಗುವುದಿಲ್ಲ. ಮೇಲಿರುವ ಬೂದಿ ಬಣ್ಣದ ಪುಡಿಯನ್ನು ಔಷಧಿ ಹೊಡೆದಿದ್ದಾರೆ ಅಂತ ಉಜ್ಜಿ ಉಜ್ಜಿ ತೊಳೆಯುತ್ತಾರೆ. ಅದು ಔಷಧಿಯಲ್ಲ, ಹಣ್ಣು ತಾನೇ ಕೊಡುವ ಮೇಣ, ಹಣ್ಣು ಬೇಗ ಬಾಡದ ಹಾಗೆ ಕಾಯುತ್ತದೆ. ಹಾಗಾಗಿ ಮೊದಲೇ ತೊಳೆದಿಡಬೇಡಿ. ಬಳಸುವ ಸ್ವಲ್ಪ ಮೊದಲು ತೊಳೆದು, ಹತ್ತಿ ಬಟ್ಟೆಯ ಮೇಲೆ ಹರಡಿ ಪೂರ್ತಿ ಆರಿಸಿ. ಫ್ರೀಜರಿನ ಬ್ಲೂಬೆರಿ ಈ ಸಲಾಡಿಗೆ ಬೇಡವೇ ಬೇಡ. ಕರಗುತ್ತಿದ್ದ ಹಾಗೆ ಸಿಪ್ಪೆ ಒಡೆದು ನೇರಳೆ ನೀರು ಬಿಡುತ್ತದೆ.

ಕೆಂಪಿಗೆ ಕಲ್ಲಂಗಡಿ, ಸ್ಟ್ರಾಬೆರಿ, ಚೆರ್ರಿ, ರಾಸ್‌ಬೆರಿ ಎಲ್ಲವೂ ಇದೆ. ಜಾಸ್ತಿ ಜನಕ್ಕೆ ಕಲ್ಲಂಗಡಿಯೇ ಆಧಾರ, ದುಡ್ಡಿಗೂ ಅದೇ ಹಗುರ. ಗಾತ್ರಕ್ಕೆ ಭಾರ ಇರಬೇಕು, ಸಿಪ್ಪೆ ಹೊಳೆಯಬಾರದು, ನೆಲಕ್ಕೆ ತಾಗಿದ್ದ ಜಾಗ ಬೆಳ್ಳಗಿರದೆ ಹಳದಿಯಾಗಿರಬೇಕು. ಕತ್ತರಿಸುವ ಮೊದಲು ಹೊರಗಿನ ಸಿಪ್ಪೆಯನ್ನು ನಲ್ಲಿ ನೀರಿನಲ್ಲಿ ಉಜ್ಜಿ ತೊಳೆಯಲೇಬೇಕು, ಸೋಪು ಬೇಡ. ಸಿಪ್ಪೆ ತಿನ್ನುವುದಿಲ್ಲವಲ್ಲ ಅಂತ ಕೆಲವರು ಸುಮ್ನೆ ಬಿಡುತ್ತಾರೆ, ಆದರೆ ಚಾಕು ಸಿಪ್ಪೆ ದಾಟಿಯೇ ಒಳಗೆ ಹೋಗುವುದು, ಮೇಲಿನ ಕೊಳೆಯನ್ನೂ ಒಳಗೆ ಒಯ್ಯುತ್ತದೆ. 2011ರಲ್ಲಿ ಕೊಲರಾಡೋದ ಕರಬೂಜ ಹಣ್ಣಿನಿಂದ ಲಿಸ್ಟೀರಿಯಾ ಸೋಂಕು ಹರಡಿ 30ಕ್ಕೂ ಹೆಚ್ಚು ಜನ ಸತ್ತರು. ಹೆದರಿಸಲು ಹೇಳುತ್ತಿಲ್ಲ. ಈ ಪಿಕ್ನಿಕ್‌ಗಳಿಗೆ ವಯಸ್ಸಾದವರು, ಬಸುರಿಯರು, ಹಸುಗೂಸುಗಳು ಎಲ್ಲರೂ ಬರುತ್ತಾರೆ, ಅದಕ್ಕೆ ಹೇಳುತ್ತಿದ್ದೇನೆ. ಹೆಚ್ಚಿದ ಕಲ್ಲಂಗಡಿ ಹೋಳನ್ನು ತೂತಿನ ಪಾತ್ರೆಗೆ ಹಾಕಿ, ಕೆಳಗೊಂದು ಬಟ್ಟಲಿಟ್ಟು ಫ್ರಿಡ್ಜಿನಲ್ಲಿ ಅರ್ಧ ಗಂಟೆ ಬಿಡಿ. ಎಷ್ಟು ನೀರು ಇಳಿಯುತ್ತದೆ ನೋಡಿ, ಅಷ್ಟೂ ನಿಮ್ಮ ಸಲಾಡನ್ನು ಕೆಡಿಸುತ್ತಿದ್ದ ನೀರು. ಆ ರಸಕ್ಕೆ ನಿಂಬೆಹಣ್ಣು, ಚೂರು ಶುಂಠಿ ಹಿಂಡಿ ಅಡುಗೆಮನೆಯಲ್ಲಿ ನಿಂತು ದುಡಿಯುತ್ತಿರುವವರು ಕುಡಿಯಬೇಕು. ಸ್ಟ್ರಾಬೆರಿಯನ್ನು ತೊಟ್ಟಿನ ಸಮೇತ ತೊಳೆದು, ಒರೆಸಿ, ಆಮೇಲೆ ತೊಟ್ಟು ತೆಗೆಯಿರಿ. ಮೊದಲೇ ತೊಟ್ಟು ತೆಗೆದರೆ ಆ ಗುಂಡಿಯೊಳಗೆ ನೀರು ನಿಲ್ಲುತ್ತದೆ. ಚೆರ್ರಿ ಬೀಜ ತೆಗೆಯದೆ ಹಾಕಬೇಡಿ. ಸಲಕರಣೆ ಇಲ್ಲದಿದ್ದರೆ ಗಟ್ಟಿ ಸ್ಟ್ರಾ ತುದಿಯಿಂದ ತೊಟ್ಟಿನ ಕಡೆ ಒತ್ತಿದರೆ ಬೀಜ ಆಚೆ ಬರುತ್ತದೆ.

ಈಗ ಬಿಳಿ. ಕಷ್ಟ ಇರುವುದೆಲ್ಲ ಇದರಲ್ಲೇ. ಬಿಳಿ ಹಣ್ಣು ಕಡಿಮೆ, ಇರುವುದರಲ್ಲಿ ಸುಮಾರು ಹಣ್ಣು ಗಾಳಿ ತಾಗಿದರೆ ಕಂದಾಗುತ್ತವೆ. ಇಲ್ಲಿನವರು ಸ್ಪಂಜಿನಂಥ ಬಿಳಿ ಮಿಠಾಯಿಯಾದ ಮಾರ್ಷ್‌ಮ್ಯಾಲೋ ಸುರಿದುಬಿಡುತ್ತಾರೆ, ಇಲ್ಲವೇ ಏಂಜೆಲ್ ಫುಡ್ ಕೇಕ್ ಚೂರು ಹಾಕುತ್ತಾರೆ. ಮಾರ್ಷ್‌ಮ್ಯಾಲೋದಲ್ಲಿ ಸಾಮಾನ್ಯವಾಗಿ ಜೆಲಟಿನ್ ಇರುತ್ತದೆ, ಅದು ಪ್ರಾಣಿಗಳ ಚರ್ಮ ಮೂಳೆಯಿಂದ ತೆಗೆದದ್ದು. ಆ ಕೇಕ್ ಮೊಟ್ಟೆಯ ಬಿಳಿಭಾಗದಿಂದಲೇ ಮಾಡಿದ್ದು. ಕೆಲವು ಡಬ್ಬಿ ಮೊಸರಿನಲ್ಲೂ ಜೆಲಟಿನ್ ಇರುತ್ತದೆ. ನೀವು ತಿನ್ನುವವರಾದರೆ ಸರಿ, ಆದರೆ ಪಾಟ್‌ಲಕ್ ಮೇಜಿನ ಮೇಲೆ ಹಣ್ಣು ಕಂಡರೆ ಊರಿಂದ ಬಂದ ಅಪ್ಪ ಅಮ್ಮಂದಿರು ಏನೂ ಕೇಳದೆ ಬಡಿಸಿಕೊಳ್ಳುತ್ತಾರೆ. ಹಣ್ಣಲ್ಲಿ ಇನ್ನೇನಿರುತ್ತದೆ ಅನ್ನುವ ನಂಬಿಕೆ ಅವರದು, ಅದನ್ನು ಕಾಪಾಡುವುದು ನಮ್ಮ ಕೈಯಲ್ಲಿದೆ.

ಹಾಗಾದರೆ ಬಿಳಿಗೆ ಏನು ಹಾಕುವುದು? ಬಿಳಿ ತಿರುಳಿನ ಡ್ರ್ಯಾಗನ್ ಫ್ರೂಟ್ ಒಳ್ಳೆಯದು, ಕಂದಾಗುವುದಿಲ್ಲ, ರುಚಿ ಸ್ವಲ್ಪ ಸಪ್ಪೆ. ಲಿಚಿ ಸಿಕ್ಕರೆ ಬಿಡಬೇಡಿ, ಚೀನೀ ಅಂಗಡಿಗಳಿಗೆ ಜೂನ್ ಜುಲೈನಲ್ಲಿ ಬರುತ್ತದೆ. ಬೀಜ ಬಿಡಿಸುವ ಕೆಲಸ ಮಾತ್ರ ಇದೆ. ಎಳನೀರಿನ ಗಂಜಿ ತುಂಬಾ ಚೆಂದ. ಹೀಕಮಾ ಅನ್ನುವ ಮೆಕ್ಸಿಕೋದ ಗೆಡ್ಡೆಯೊಂದು ಸಿಗುತ್ತದೆ, ಒರಟು ಸಿಪ್ಪೆ ತೆಗೆದರೆ ಒಳಗೆ ಅಚ್ಚ ಬಿಳಿ, ಗರಿಗರಿ, ಎಳೆ ಸಿಹಿ, ಹೆಚ್ಚಿ ಎಷ್ಟು ಹೊತ್ತಿಟ್ಟರೂ ಬಣ್ಣ ಕೆಡುವುದಿಲ್ಲ. ಸೇಬೇ ಬೇಕು ಅಂದರೆ ಒಂದು ಲೋಟ ನೀರಿಗೆ ಅರ್ಧ ಟೀ ಚಮಚ ಉಪ್ಪು ಹಾಕಿ, ಹೋಳುಗಳನ್ನು ಹತ್ತು ನಿಮಿಷ ಮುಳುಗಿಸಿ, ಬೇರೆ ನೀರಿನಲ್ಲಿ ತೊಳೆದು ಒರೆಸಿ. ನಿಂಬೆರಸಕ್ಕಿಂತ ನನಗೆ ಇದೇ ಮೇಲು ಅನ್ನಿಸುತ್ತದೆ, ಹುಳಿ ಹತ್ತುವುದಿಲ್ಲ. ಬಾಳೆಹಣ್ಣನ್ನು ಮಾತ್ರ ಬಡಿಸುವ ಹೊತ್ತಿಗೇ ಹೆಚ್ಚಬೇಕು, ಅದಕ್ಕೆ ಬೇರೆ ದಾರಿಯಿಲ್ಲ.

ಇವೆಲ್ಲಕ್ಕಿಂತ ನನಗೆ ಇಷ್ಟವಾದದ್ದು ಚೈನಾ ಗ್ರಾಸ್‌ನಲ್ಲಿ ಮಾಡಿದ ಬಿಳಿ ನಕ್ಷತ್ರ. ಚೈನಾ ಗ್ರಾಸ್ ಕಡಲಿನ ಪಾಚಿಯಿಂದ ಬರುವುದು, ಪೂರ್ತಿ ಸಸ್ಯಾಹಾರ. ಇಲ್ಲಿ ಅಗರ್ ಅಗರ್ ಅಂತ ಪುಡಿಯೇ ಸಿಗುತ್ತದೆ. ಅರ್ಧ ಲೋಟ ನೀರಿಗೆ ಎರಡು ಟೀ ಚಮಚ ಪುಡಿ ಹಾಕಿ, ಕದಡಿ, ಕುದಿಸಿ. ಮೂರು ನಾಲ್ಕು ನಿಮಿಷ ಕುದಿದು ಪೂರ್ತಿ ಕರಗಬೇಕು, ಇಲ್ಲದಿದ್ದರೆ ಮರಳು ಮರಳಾಗಿ ಬಾಯಿಗೆ ಸಿಗುತ್ತದೆ. ಇನ್ನೊಂದು ಒಲೆಯಲ್ಲಿ ಎರಡು ಲೋಟ ಕಾಯಿಹಾಲು, ಮೂರು ನಾಲ್ಕು ಚಮಚ ಸಕ್ಕರೆ, ಏಲಕ್ಕಿ ಪುಡಿ ಹಾಕಿ ಬೆಚ್ಚಗೆ ಮಾಡಿ. ಎರಡನ್ನೂ ಕೂಡಿಸಿ ತಟ್ಟೆಗೆ ಅರ್ಧ ಇಂಚು ಎತ್ತರಕ್ಕೆ ಸುರಿಯಿರಿ. ಕಾಯಿಹಾಲು ತಣ್ಣಗಿದ್ದರೆ ಸುರಿಯುವ ಮೊದಲೇ ಗಂಟು ಕಟ್ಟುತ್ತದೆ, ಅದಕ್ಕೇ ಬೆಚ್ಚಗೆ ಮಾಡುವುದು. ಗಟ್ಟಿಯಾದ ಮೇಲೆ ಕುಕಿ ಕತ್ತರಿಸುವ ನಕ್ಷತ್ರದ ಅಚ್ಚಿನಿಂದ ಒತ್ತಿ ತೆಗೆಯಿರಿ. ಜೆಲಟಿನ್ ಜೆಲ್ಲಿ ಬಿಸಿಲಿಗೆ ಕರಗಿ ನೀರಾಗುತ್ತದೆ, ಚೈನಾ ಗ್ರಾಸ್ ಜುಲೈ ಬಿಸಿಲಿಗೆ ಕರಗುವುದಿಲ್ಲ. ಮಕ್ಕಳಂತೂ ಮೊದಲು ನಕ್ಷತ್ರವನ್ನೇ ಹೆಕ್ಕಿ ತಿನ್ನುತ್ತಾರೆ, ಅದಕ್ಕೆ ಸ್ವಲ್ಪ ಜಾಸ್ತಿಯೇ ಮಾಡಿ. ಅಂಚಿನಲ್ಲಿ ಉಳಿದ ಚೂರುಗಳನ್ನು ಬಿಸಾಡಬೇಡಿ, ಅವೂ ಸಲಾಡಿಗೆ.

ಸಲಾಡನ್ನು ಬಾವುಟದ ಆಕಾರದಲ್ಲೇ ಜೋಡಿಸುವ ಆಸೆ ಇದ್ದರೆ ಅಗಲವಾದ ಟ್ರೇ ತೆಗೆದುಕೊಳ್ಳಿ. ನಿಜವಾದ ಬಾವುಟದಲ್ಲಿ ಒಂದಾದ ಮೇಲೊಂದು ಕೆಂಪು, ಬಿಳಿ ಅಂತ 13 ಪಟ್ಟಿ, 1776ರಲ್ಲಿ ಸ್ವಾತಂತ್ರ್ಯ ಸಾರಿದ 13 ವಸಾಹತುಗಳ ಲೆಕ್ಕಕ್ಕೆ. ಟ್ರೇಯಲ್ಲಿ ಅಷ್ಟು ಪಟ್ಟಿ ಹಿಡಿಸುವುದಿಲ್ಲ, ಏಳು ಸಾಕು, ಆದರೆ ಮೊದಲ ಪಟ್ಟಿ ಮತ್ತು ಕೊನೆಯ ಪಟ್ಟಿ ಕೆಂಪೇ ಇರಬೇಕು. ಎಡಗಡೆ ಮೇಲಿನ ಮೂಲೆಯಲ್ಲಿ, ನಾಲ್ಕು ಪಟ್ಟಿಯಷ್ಟು ಎತ್ತರಕ್ಕೆ ಬ್ಲೂಬೆರಿ ತುಂಬಿ, ಮೇಲೆ ನಕ್ಷತ್ರ. ಬಾವುಟದಲ್ಲಿರುವ ಹಾಗೆ 50 ನಕ್ಷತ್ರ ಇಡಲು ಹೋಗಬೇಡಿ, ನೀಲಿಯೇ ಕಾಣದ ಹಾಗಾಗುತ್ತದೆ. 2026ಕ್ಕೆ ಆ ಸ್ವಾತಂತ್ರ್ಯಕ್ಕೆ 250 ವರ್ಷ. ಆ ವರ್ಷದ ಕೂಟಕ್ಕೆ ಇಷ್ಟು ಮುತುವರ್ಜಿ ವಹಿಸಿದರೆ ತಪ್ಪೇನಿಲ್ಲ. ಉಳಿದ ವರ್ಷ ನಾನು ಹೇಳುವುದಾದರೆ, ದೊಡ್ಡ ಗಾಜಿನ ಬಟ್ಟಲಿನಲ್ಲಿ ಕೆಳಗೆ ಕೆಂಪು, ನಡುವೆ ಬಿಳಿ, ಮೇಲೆ ನೀಲಿ ಅಂತ ಪದರ ಹಾಕಿದರೆ ಸಾಕು. ನೀರು ಬಿಡುವ ಕಲ್ಲಂಗಡಿ ತಳದಲ್ಲೇ ಇರುವುದರಿಂದ ಬಿಳಿಗೆ ಬಣ್ಣ ಹತ್ತುವುದಿಲ್ಲ.

ಇಪ್ಪತ್ತು ಜನಕ್ಕೆ ಲೆಕ್ಕ ಕೇಳುತ್ತಾರೆ. ಬೇರೆ ಅಡುಗೆಯೂ ಇರುವ ಕಡೆ ತಲೆಗೊಂದು ಲೋಟಕ್ಕಿಂತ ಸ್ವಲ್ಪ ಕಡಿಮೆ ಸಾಕು. ಕಲ್ಲಂಗಡಿ ಹೋಳು ಆರು ಲೋಟ, ಸ್ಟ್ರಾಬೆರಿ ಒಂದು ಪೌಂಡು, ಬ್ಲೂಬೆರಿ ಎರಡು ಪೈಂಟ್, ಬಿಳಿಯದೆಲ್ಲ ಸೇರಿ ನಾಲ್ಕು ಲೋಟ.

ಸಕ್ಕರೆಯನ್ನಾಗಲಿ ಉಪ್ಪನ್ನಾಗಲಿ ಹಣ್ಣಿನ ಮೇಲೆ ಉದುರಿಸಬೇಡಿ, ಎರಡೂ ಹಣ್ಣಿನೊಳಗಿನ ನೀರನ್ನು ಎಳೆದು ಹೊರಗೆ ಹಾಕುತ್ತವೆ. ಪಕ್ಕದಲ್ಲಿ ಒಂದು ಸಣ್ಣ ಬಟ್ಟಲಲ್ಲಿ ಉಪ್ಪು ಖಾರ, ಇನ್ನೊಂದರಲ್ಲಿ ನಮ್ಮ ಬಾಳೆಹಣ್ಣಿನ ರಸಾಯನಕ್ಕೆ ಮಾಡುವಂಥ ಕಾಯಿಹಾಲು ಇಟ್ಟರೆ ಬೇಕಾದವರು ಹಾಕಿಕೊಳ್ಳುತ್ತಾರೆ. ಬೆಲ್ಲದ ಬದಲು ಸಕ್ಕರೆ ಹಾಕಿದರೆ ಅದೂ ಬೆಳ್ಳಗೆ ಇರುತ್ತದೆ. ಜೇನು ಬೆರೆಸಿದರೆ ಎಲ್ಲರಿಗೂ ಹೇಳಿ, ಒಂದು ವರ್ಷ ತುಂಬದ ಮಗುವಿಗೆ ಜೇನು ಕೊಡಬಾರದು. ದ್ರಾಕ್ಷಿ, ಚೆರ್ರಿ ಹಾಕಿದ್ದರೆ ಚಿಕ್ಕ ಮಕ್ಕಳ ತಟ್ಟೆಗೆ ಉದ್ದಕ್ಕೆ ನಾಲ್ಕು ಸೀಳು ಮಾಡಿಯೇ ಬಡಿಸಿ, ಇಡೀ ಹಣ್ಣು ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಮಗು ತೀರಾ ಚಿಕ್ಕದಿದ್ದರೆ ಬ್ಲೂಬೆರಿಯನ್ನೂ ಬೆರಳಲ್ಲಿ ಜಜ್ಜಿ ಕೊಡಿ.

ತೆಗೆದುಕೊಂಡು ಹೋಗುವುದಕ್ಕೆ ಊರಿಂದ ತಂದ ಸ್ಟೀಲಿನ ಟಿಫಿನ್ ಕ್ಯಾರಿಯರ್‌ಗಿಂತ ಒಳ್ಳೆಯದು ಬೇರೆ ಇಲ್ಲ. ಒಂದು ಡಬ್ಬಿಗೆ ಕೆಂಪು, ಒಂದಕ್ಕೆ ಬಿಳಿ, ಒಂದಕ್ಕೆ ನೀಲಿ, ಮೇಲಿನದಕ್ಕೆ ಕಾಯಿಹಾಲು. ಸ್ಟೀಲು ಬೇಗ ತಣ್ಣಗಾಗುತ್ತದೆ, ಬಣ್ಣ ಹೀರುವುದಿಲ್ಲ. ಜನ ಜಾಸ್ತಿ ಇದ್ದರೆ ಬಣ್ಣಕ್ಕೊಂದು ದೊಡ್ಡ ಸ್ಟೀಲ್ ಡಬ್ಬಿ. ಅದನ್ನು ಐಸ್ ತುಂಬಿದ ಕೂಲರಿನಲ್ಲಿಟ್ಟು, ಕೂಲರನ್ನು ಕಾರಿನ ಡಿಕ್ಕಿಯಲ್ಲಿ ಬಿಡದೆ ಒಳಗಡೆ ಏಸಿ ಇರುವ ಕಡೆ ಇಡಿ. ಪಾರ್ಕಿನಲ್ಲಿ ದೊಡ್ಡ ಅಲ್ಯೂಮಿನಿಯಂ ಟ್ರೇಗೆ ಐಸ್ ಹಾಕಿ ಅದರ ಮೇಲೆ ಬಟ್ಟಲು ಕೂರಿಸಿ, ನೆರಳಲ್ಲಿಡಿ. ಹೆಚ್ಚಿದ ಹಣ್ಣು ಐಸಿಲ್ಲದೆ ಹೊರಗೆ ಎರಡು ಗಂಟೆ ಮಾತ್ರ ಇರಬಹುದು. 90 ಡಿಗ್ರಿ ಫ್ಯಾರನ್‌ಹೀಟ್ ದಾಟಿದ ದಿನ, ಅಂದರೆ ನಮ್ಮ ಲೆಕ್ಕದಲ್ಲಿ 32 ಡಿಗ್ರಿ, ಒಂದೇ ಗಂಟೆ. ಅದಕ್ಕೇ ಎಲ್ಲವನ್ನೂ ಒಟ್ಟಿಗೆ ಹೊರಗಿಡಬೇಡಿ, ಅರ್ಧ ಬಡಿಸಿ, ಅರ್ಧ ಕೂಲರಿನಲ್ಲೇ ಇರಲಿ.

ಆಗಸ್ಟ್ 15 ಕೂಡ ಇಲ್ಲಿ ಬೇಸಿಗೆಯಲ್ಲೇ ಬರುತ್ತದೆ. ಆಗ ಕೇಸರಿಗೆ ಕರಬೂಜ ಅಥವಾ ಮಾವು, ಹಸಿರಿಗೆ ಕಿವಿ, ಹಸಿರು ದ್ರಾಕ್ಷಿ, ಬಿಳಿಗೆ ಮೇಲೆ ಹೇಳಿದ್ದೇ. ಕರಬೂಜದ ಒರಟು ಸಿಪ್ಪೆಯನ್ನು ಬ್ರಷ್ ಹಾಕಿ ಉಜ್ಜಿ. ನಡುವೆ ಬ್ಲೂಬೆರಿಯಲ್ಲಿ ಅಶೋಕ ಚಕ್ರ ಬಿಡಿಸುವವರಿದ್ದಾರೆ, ನನಗೆ ಅದು ಬೇಡ ಅನ್ನಿಸುತ್ತದೆ. ಚಮಚ ಹಾಕಿ ಕೆದಕುವ ತಟ್ಟೆಯಲ್ಲಿ ಬಣ್ಣ ಇದ್ದರೆ ಸಾಕು, ಚಕ್ರ ಬೇಡ.

ಕೊನೆಗೆ ಕಲ್ಲಂಗಡಿಯ ಸಿಪ್ಪೆ. ಹಸಿರು ಹೊರಪದರ ಹೆರೆದು ಒಳಗಿನ ಬಿಳಿ ಭಾಗವನ್ನು ಮಾತ್ರ ಇಟ್ಟುಕೊಳ್ಳಿ, ಕರಾವಳಿ ಕಡೆ ಅದರಲ್ಲಿ ದೋಸೆ ಮಾಡುತ್ತಾರೆ. ಒಂದು ಲೋಟ ದೋಸೆ ಅಕ್ಕಿಯನ್ನು ಮೂರು ನಾಲ್ಕು ಗಂಟೆ ನೆನೆಸಿ, ಒಂದೂವರೆ ಲೋಟ ಬಿಳಿ ಹೋಳು, ಒಂದು ಹಿಡಿ ಕಾಯಿತುರಿ, ಉಪ್ಪು ಹಾಕಿ ನುಣ್ಣಗೆ ರುಬ್ಬಿ. ಸಿಪ್ಪೆಯಲ್ಲೇ ನೀರಿರುವುದರಿಂದ ರುಬ್ಬುವಾಗ ನೀರು ಹಾಕಲು ಅವಸರ ಬೇಡ. ಹುದುಗು ಬರಿಸುವುದೇನೂ ಇಲ್ಲ, ಕಾವಲಿ ಚೆನ್ನಾಗಿ ಕಾದ ಮೇಲೆ ತೆಳ್ಳಗೆ ಹುಯ್ದು, ಮುಚ್ಚಿ ಬೇಯಿಸಿ, ಬೆಣ್ಣೆ ಬೆಲ್ಲದ ಜೊತೆ ಕೊಡಿ.