17 ಎಕರೆ ಬಳ್ಳಾರಿ ಜಾಲಿ ಕಿತ್ತು ಹುಲ್ಲು ಬರಿಸಿದೆವು

ಈ ಕಾರ್ತಿಕದಲ್ಲಿ ನಮ್ಮ ಗೋಮಾಳದ ಹಂಚಿಕಡ್ಡಿ (ಪೊರಕೆ ಕಟ್ಟುವ ಹುಲ್ಲು) ಮೊಣಕಾಲು ದಾಟಿ ನಿಂತಿದೆ. ಅದರೊಳಗೆ ಎರಡು ಜಿಂಕೆ (ಕೃಷ್ಣಮೃಗ) ಮರಿಗಳು ಅವಿತು ಮಲಗಿದ್ದನ್ನು ಕಣ್ಣಾರೆ ಕಂಡೆ. "ಮರ ಕಡಿದು ಪರಿಸರ ಉಳಿಸುವವರನ್ನು ಈಗಲೇ ನೋಡಿದ್ದು" ಎಂದು ಐದು ವರ್ಷದ ಹಿಂದೆ ಗ್ರಾಮಸಭೆಯಲ್ಲಿ ಎದ್ದು ನಿಂತು ಹೇಳಿದ್ದ ಮೇಷ್ಟ್ರನ್ನೂ ಕರೆದುಕೊಂಡು ಹೋಗಿ ತೋರಿಸಿದೆ. ಅವರು ಬಹಳ ಹೊತ್ತು ಸುಮ್ಮನೆ ನಿಂತಿದ್ದರು. ಮುಂದಿನ ಭಾನುವಾರ ಪಿಕಾಸಿ ಹಿಡಿದು ಬಂದರು.

ನಮ್ಮದು ಮಧುಗಿರಿ ಕಡೆಯ ಊರು. ಮೈದನಹಳ್ಳಿಯ ಜಯಮಂಗಲಿ ಕೃಷ್ಣಮೃಗ ಮೀಸಲು ನಮಗೆ ದೂರವಲ್ಲ. ಅಲ್ಲಿಂದ ಹೊರಬಿದ್ದ ಹಿಂಡುಗಳು ಮೊದಲೆಲ್ಲ ನಮ್ಮ ಗೋಮಾಳಕ್ಕೂ ಬರುತ್ತಿದ್ದವು ಎಂದು ಹಿರಿಯರು ಹೇಳುತ್ತಿದ್ದರು. ಹೊರದೇಶದಿಂದ ಬಂದು ಬಯಲನ್ನೆಲ್ಲ ಆವರಿಸುವ ಬಳ್ಳಾರಿ ಜಾಲಿಯ ಮುಳ್ಳುಪೊದೆ ಮುಚ್ಚಿಕೊಂಡ ಮೇಲೆ ಬರುವುದು ನಿಂತಿತು. ಕೃಷ್ಣಮೃಗ ಬದುಕುವುದು ಕಣ್ಣು ಮತ್ತು ಕಾಲಿನ ಬಲದ ಮೇಲೆ. ದೂರಕ್ಕೆ ನೋಟ ಹರಿಯದ, ಓಡಲು ಜಾಗವಿಲ್ಲದ ದಟ್ಟ ಪೊದೆಯೊಳಗೆ ಅದು ಸಾಮಾನ್ಯವಾಗಿ ಕಾಲಿಡುವುದಿಲ್ಲ. ಆದ್ದರಿಂದ ನಮ್ಮ ಬಯಲಿಗೆ ಬೇಕಾದದ್ದು ಗಿಡ ನೆಡುವ ಕೆಲಸವಲ್ಲ, ಹುಲ್ಲು ಬರಿಸುವ ಕೆಲಸ. ಈ ಮಾತನ್ನು ಜನರಿಗೆ ಒಪ್ಪಿಸುವುದಕ್ಕೆ ಜಾಲಿ ಕೀಳುವುದಕ್ಕಿಂತ ಹೆಚ್ಚು ಬೆವರು ಸುರಿಸಿದ್ದೇನೆ. ಒಬ್ಬ ದಾನಿಗಳು 1,000 ಹೊಂಗೆ, ಬೇವಿನ ಸಸಿಗಳನ್ನು ಲಾರಿಯಲ್ಲಿ ಕಳುಹಿಸಿದಾಗ ಅಷ್ಟನ್ನೂ ರಸ್ತೆ ಬದಿಗೆ, ಶಾಲೆಗೆ, ತೋಟದವರಿಗೆ ಹಂಚಿದೆವು. ಗೋಮಾಳಕ್ಕೆ ಒಂದನ್ನೂ ಬಿಡಲಿಲ್ಲ. ಅವರಿಗೆ ಬೇಸರವಾಯಿತು, ಆದರೂ ಮಣಿಯಲಿಲ್ಲ.

ಪಂಚಾಯಿತಿ ನಿರ್ಣಯ, ಇಲಾಖೆಗಳಿಗೆ ಪತ್ರ, ಇದೆಲ್ಲ ನಿಮಗೆ ಗೊತ್ತಿರುವುದೇ. ನೇರವಾಗಿ ಸೋಲುಗಳಿಗೆ ಬರುತ್ತೇನೆ.

ಮೊದಲ ವರ್ಷ ಇದ್ದಿಲು ಸುಡುವವರಿಗೆ ಪುಕ್ಕಟೆಯಾಗಿ ಕಡಿದುಕೊಳ್ಳಲು ಹೇಳಿದೆವು. ಖರ್ಚಿಲ್ಲದೆ ಕೆಲಸವಾಯಿತೆಂದು ಹಿಗ್ಗಿದೆವು. ಅವರು ನೆಲಮಟ್ಟಕ್ಕೆ ಕಡಿದು ಹೋದರು. ಒಂದೇ ಮಳೆಗೆ ಒಂದು ಬುಡದಲ್ಲಿ ಹತ್ತು ಹನ್ನೆರಡು ಚಿಗುರು. ಬುಡ ಉಳಿದರೆ ಎರಡು ಮೂರು ವರ್ಷಕ್ಕೆ ಮತ್ತೆ ಸೌದೆ ಸಿಗುತ್ತದೆ, ಅವರ ಲೆಕ್ಕ ಅವರಿಗೆ ಸರಿ.

ಎರಡನೆಯ ವರ್ಷ ಜೆಸಿಬಿ ತಂದೆವು. ಗಂಟೆಗೆ 1,100 ರೂಪಾಯಿ, ಒಟ್ಟು 34 ಗಂಟೆಯೋ ಏನೋ, 37–38 ಸಾವಿರ ಹೋಯಿತು. ತಲಾ 200, 500 ಎಂದು ಕೂಡಿಸಿದ ದುಡ್ಡು. ಬುಡಗಳು ಬಂದವು, ಜೊತೆಗೆ ನೆಲವೂ ಮಗುಚಿಕೊಂಡಿತು. ಜಾಲಿ ಬೀಜ ಮಣ್ಣಿನಲ್ಲಿ ವರ್ಷಗಟ್ಟಲೆ ಜೀವ ಹಿಡಿದುಕೊಂಡಿರುತ್ತದೆ. ಆ ವರ್ಷ ರಾಗಿ ಪೈರಿನಂತೆ ಜಾಲಿ ಸಸಿ ಎದ್ದಿತು. ಇದ್ದಬದ್ದ ಗರಿಕೆಯೂ ಹೋಗಿತ್ತು. 30 ಜನರ ತಂಡದಲ್ಲಿ ಅವತ್ತು ಉಳಿದವರು 11 ಮಂದಿ.

ಗೆದ್ದದ್ದು ಪಿಕಾಸಿಯಿಂದ. ಬಳ್ಳಾರಿ ಜಾಲಿ ಚಿಗುರುವುದು ನೆಲದ ಕೆಳಗೆ ಕಾಂಡ ಬೇರಾಗುವ ಗಂಟಿನಿಂದ. ಆ ಗಂಟು ಪೂರ್ತಿ ಈಚೆ ಬಂದರೆ ಉಳಿದ ಬೇರು ಮಣ್ಣಿನಲ್ಲೇ ಸಾಯುತ್ತದೆ. ಸುತ್ತ ಮೊಳದಗಲ ಬಿಡಿಸಿಕೊಂಡು, ಒಂದು ಗೇಣಿಗಿಂತ ಚೂರು ಹೆಚ್ಚು ಆಳಕ್ಕೆ ಹೋಗಿ ತಾಯಿಬೇರನ್ನು ಕತ್ತರಿಸಿ, ಹಾರೆಯಿಂದ ಮೀಟುತ್ತೇವೆ. ಗುಂಡಿಯನ್ನು ಅದೇ ಮಣ್ಣಿನಿಂದ ಮುಚ್ಚಿ ತುಳಿಯುತ್ತೇವೆ. ಸ್ವಾತಿ ಮಳೆ ಮುಗಿದು ನೆಲ ಇನ್ನೂ ಮೆತ್ತಗಿರುವಾಗ ಶುರುಮಾಡಿ ಸಂಕ್ರಾಂತಿ ಕಳೆದ ಮೇಲೆ ಒಂದೆರಡು ವಾರಕ್ಕೆ ನಿಲ್ಲಿಸಬೇಕು. ಆಮೇಲೆ ನೆಲ ಕಲ್ಲಾಗುತ್ತದೆ. ಇಬ್ಬರ ಜೋಡಿ ದಿನಕ್ಕೆ ಆರು ಬುಡ ತೆಗೆದರೆ ಹೆಚ್ಚು. ಮೂರು ಹಂಗಾಮಿನ ಭಾನುವಾರಗಳಲ್ಲಿ ಹತ್ತಿರ ಹತ್ತಿರ 1,200 ಬುಡ ತೆಗೆದಿದ್ದೇವೆ. ಮತ್ತೆ ಚಿಗುರಿದವು ನೂರಕ್ಕೆ ನಾಲ್ಕೈದು ಇರಬಹುದು. ಹಿಂದಿನ ಎರಡು ವರ್ಷ ಆಡಿಕೊಂಡವರು ಈ ಲೆಕ್ಕ ಕೇಳಿ ಸುಮ್ಮನಾದರು.

ಗಂಟುಗಳನ್ನು ಇಟ್ಟಿಗೆ ಗೂಡಿನವರು ಟನ್ನಿಗೆ 2,500ರ ಆಸುಪಾಸಿಗೆ ಕೊಂಡರು. ಅರ್ಧ ಪಂಚಾಯಿತಿಗೆ, ಅರ್ಧ ನಮಗೆ. ನಮ್ಮ ಪಾಲು ಪಿಕಾಸಿ, ಹಾರೆ, ಊಟಕ್ಕೆ ಸರಿಹೋಯಿತು. ಜೆಸಿಬಿಗೆ ಸುರಿದ ಹಣ ಮಾತ್ರ ಇವತ್ತಿಗೂ ಗಿಟ್ಟಿಲ್ಲ.

ಹುಲ್ಲಿನದು ಬೇರೆಯೇ ಕಥೆ. ಬಿಡಿ ಬೀಜ ಎರಚಿದ್ದರಲ್ಲಿ ಅರ್ಧ ಗಾಳಿಗೆ ಹೋಯಿತು, ಅರ್ಧ ಇರುವೆ ಗೂಡು ಸೇರಿತು. ಈಗ ಕೆರೆ ಹಿಂದಿನ ಗುಡ್ಡದಲ್ಲಿ ಹಂಚಿಕಡ್ಡಿ ಮತ್ತು ಬಟ್ಟೆಗೆ ಚುಚ್ಚಿಕೊಳ್ಳುವ ಊಬಿನ ಹುಲ್ಲನ್ನು ತೆನೆ ಸಮೇತ ಕೊಯ್ದು, ಗೋಣಿಚೀಲದಲ್ಲಿ ತುಂಬಿ ಅಟ್ಟದ ಮೇಲೆ ಇಡುತ್ತೇವೆ. ಆಗಷ್ಟೇ ಕೊಯ್ದ ಬೀಜ ಹುಟ್ಟುವುದಿಲ್ಲ, ಬೇಸಿಗೆ ದಾಟಬೇಕು. ರೋಹಿಣಿ ಮಳೆಗೆ ಮುಂಚೆ ಕಡ್ಡಿಯ ಸಮೇತ ತೆಳುವಾಗಿ ಹರಡಿ, ಮೇಲೆ ಜಾಲಿಮುಳ್ಳು ಹೊದಿಸುತ್ತೇವೆ. ಗಾಳಿಯೂ ಎತ್ತುವುದಿಲ್ಲ, ಆಡೂ ಬಾಯಿ ಹಾಕುವುದಿಲ್ಲ. ಮುಳ್ಳಿನಲ್ಲಿ ಒಂದು ಕಾಯಿಯೂ ಇರಬಾರದು, ನೋಡಿ ನೋಡಿ ಕೀಳಿ. ಹರಡುವ ಹಿಂದಿನ ರಾತ್ರಿ ಚೀಲಗಳಿಗೆ ಮಾಡುವ ಒಂದು ಉಪಚಾರವಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ನಮ್ಮೊಂದಿಗೆ ಒಂದು ದಿನ ಹಾರೆ ಹಿಡಿದವರಿಗೆ ತೋರಿಸುತ್ತೇನೆ.

ಕುರಿಗಾಹಿಗಳ ಒಪ್ಪಿಗೆ ಇಲ್ಲದಿದ್ದರೆ ಇದೆಲ್ಲ ವ್ಯರ್ಥವಾಗುತ್ತಿತ್ತು. ಕುರಿ ಜಾಲಿಕಾಯಿ ತಿಂದು ಹಿಕ್ಕೆಯಲ್ಲಿ ಬೀಜ ಬಿತ್ತುತ್ತದೆ, ಜಿಂಕೆಯೂ ಅಷ್ಟೇ. ಬೇಲಿ ಹಾಕುವ ಯೋಚನೆಯನ್ನು ಕೈಬಿಟ್ಟು ಅವರ ಕುರಿರೊಪ್ಪದಲ್ಲೇ ಕೂತು ಮಾತಾಡಿದೆ. "ಹುಲ್ಲು ತೆನೆ ಉದುರಿಸುವವರೆಗೆ ನಾವು ಬರುವುದಿಲ್ಲ, ಆಮೇಲೆ ನೀವು ತಡೆಯಬಾರದು" ಎಂದರು ಒಬ್ಬ ಅಜ್ಜ. ಆ ಮಾತು ನಾಲ್ಕು ವರ್ಷದಿಂದ ನಡೆದುಕೊಂಡು ಬಂದಿದೆ. ತೆನೆ ಉದುರಿದ ಮೇಲೆ ಹೆಂಗಸರು ಪೊರಕೆಗೆಂದು ಹಂಚಿಕಡ್ಡಿ ಕೊಯ್ಯುತ್ತಾರೆ. ಕಾವಲಿನ ಅರ್ಧ ಭಾರ ಅವರೇ ಹೊತ್ತಿದ್ದಾರೆ.

ನಡುವೆ ಒಂದು ಪ್ರಯೋಗ ಮಾಡಿ ಸಂಕಟಪಟ್ಟೆ. ಬೇಸಿಗೆಗೆಂದು ಸಿಮೆಂಟ್ ತೊಟ್ಟಿ ಕಟ್ಟಿಸಿ ನೀರು ತುಂಬಿಸಿದೆ, ಆರು ಸಾವಿರ ಖರ್ಚು. ಜಿಂಕೆಗಿಂತ ಮೊದಲು ನೀರು ಕಂಡದ್ದು ಊರ ನಾಯಿಗಳು. ತೊಟ್ಟಿಯ ಪಕ್ಕದಲ್ಲೇ ಒಂದು ಮರಿಯನ್ನು ಹರಿದು ಹಾಕಿದವು. ಮರುದಿನವೇ ತೊಟ್ಟಿ ಒಡೆಸಿದೆ. ಆ ಮರಿಯನ್ನು ಮರೆಯಲು ಆಗಿಲ್ಲ. ಕಲ್ಲುಗುಡ್ಡೆಗಳ ಪ್ರಯೋಗ ಮಾತ್ರ ಕೈಹಿಡಿಯಿತು. ಅಗೆಯುವಾಗ ಸಿಕ್ಕ ಕಲ್ಲನ್ನು ಅಲ್ಲಲ್ಲಿ ಪೇರಿಸಿದ್ದೆವು, ಈಗ ಅಲ್ಲಿ ಉಡ, ಹಾವುರಾಣಿ ಕಾಣುತ್ತವೆ. ಹುತ್ತ, ಕಾರೆ, ಎಲಚಿ, ತಂಗಡಿ, ಹಳೆಯ ನಾಟಿ ಕರಿಜಾಲಿ ಇವನ್ನು ಮೊದಲಿನಿಂದಲೂ ಮುಟ್ಟಿಲ್ಲ.

ಕಳೆದ ಸಲ ಎಣಿಸಿದಾಗ 26 ಜಿಂಕೆ ಇದ್ದವು. ಬೆಳಗಿನ ಜಾವ ಗೌಜಲ ಹಕ್ಕಿಯ ಕೂಗು ಊರಿನವರೆಗೂ ಕೇಳುತ್ತದೆ. ಜಾಲಿ ಸಸಿ ಇನ್ನೂ ಹುಟ್ಟುತ್ತಲೇ ಇದೆ. ಪ್ರತಿ ಮಳೆಯಾದ ವಾರಕ್ಕೆ ಶಾಲೆಯ ಮಕ್ಕಳ ಜೊತೆ ಸಾಲು ಹಿಡಿದು ನಡೆದು, ಗೇಣುದ್ದ ಆಗುವ ಮೊದಲೇ ಕೈಯಲ್ಲಿ ಕೀಳುತ್ತೇವೆ. ಕೆರೆ ಏರಿಯ ಆಚೆಯ 12 ಎಕರೆಗೆ ಪಂಚಾಯಿತಿ ಒಪ್ಪಿದೆ. ಈ ಭಾನುವಾರ ಅಲ್ಲಿ ಮೊದಲ ಬುಡ ಅಗೆಯುತ್ತೇವೆ. ಪಿಕಾಸಿಗಳಿಗೆ ಕಾವು (ಮರದ ಹಿಡಿ) ಹಾಕಿಸುವುದೊಂದು ಬಾಕಿ ಇದೆ.