ಗೋಕಾಕದ ಬಟ್ಟೆ ಅಂಗಡಿ, ನೆರೆ ಮತ್ತು ನಷ್ಟದ ಲೆಕ್ಕ: ಒಬ್ಬ ಸರ್ವೇಯರ್‌ನ ಅನುಭವ

ನನ್ನ ಫೀ ಕೊಡುವುದು ವಿಮಾ ಕಂಪನಿ. ಆದರೆ ನಾನು ಕಂಪನಿಯ ನೌಕರನಲ್ಲ. ವಿಮಾ ಕ್ಷೇತ್ರದ ನಿಯಂತ್ರಕ ಸಂಸ್ಥೆ ಐಆರ್‌ಡಿಎಐನಿಂದ ಲೈಸೆನ್ಸ್ ಪಡೆದ ಸರ್ವೇಯರ್ ಮತ್ತು ಲಾಸ್ ಅಸೆಸರ್. ಬೆಂಕಿಯೋ ನೆರೆಯೋ ಬಂದಾಗ ಎಷ್ಟು ನಷ್ಟವಾಗಿದೆ, ಯಾಕಾಗಿ ಆಯಿತು, ಪಾಲಿಸಿ ಅದಕ್ಕೆ ಒಪ್ಪುತ್ತದೆಯಾ ಅಂತ ನೋಡಿ ರಿಪೋರ್ಟ್ ಬರೆಯುವುದು ನನ್ನ ಕೆಲಸ. 1938ರ ವಿಮಾ ಕಾಯ್ದೆಯ ಸೆಕ್ಷನ್ 64ಯುಎಂ ಪ್ರಕಾರ ಒಂದು ಮಿತಿ ದಾಟಿದ ಕ್ಲೇಮ್‌ಗೆ ನಮ್ಮ ರಿಪೋರ್ಟ್ ಬೇಕೇ ಬೇಕು. ಈಗ ಆ ಮಿತಿ ವಾಹನಕ್ಕೆ 50 ಸಾವಿರ, ಉಳಿದದ್ದಕ್ಕೆ 1 ಲಕ್ಷ ರೂಪಾಯಿ.

"ದುಡ್ಡು ಅವರದು ಅಂದಮ್ಯಾಲ ನೀವು ಅವರ ಕಡೆಯವ್ರ ಅಲ್ಲೇನ್ರಿ?" ಈ ಪ್ರಶ್ನೆ ಕೇಳದ ಅಂಗಡಿಯವರು ಕಡಿಮೆ. ಕೇಳುವುದರಲ್ಲಿ ತಪ್ಪೇನೂ ಇಲ್ಲ. ಬಾಯಿಮಾತಿನ ಉತ್ತರದಿಂದ ಯಾರಿಗೂ ನಂಬಿಕೆ ಬರುವುದಿಲ್ಲ. ಬರೆದ ಒಂದೊಂದು ಅಂಕಿಯೂ ಎಲ್ಲಿಂದ ಬಂತು ಅಂತ ಅವರ ಮುಂದೆಯೇ ತೋರಿಸಿದರೆ ಬರುತ್ತದೆ. ನಾನು ಹಾಗೇ ಮಾಡುತ್ತಾ ಬಂದಿದ್ದೇನೆ.

2019ರ ಆಗಸ್ಟ್‌ನಲ್ಲಿ ಘಟಪ್ರಭಾ ಉಕ್ಕಿ ಗೋಕಾಕದೊಳಗೆ ನೀರು ನುಗ್ಗಿತ್ತಲ್ಲ, ಆಗ ಒಂದು ಬಟ್ಟೆ ಅಂಗಡಿಯ ಕ್ಲೇಮ್ ನನಗೆ ಬಂತು. ನೆರೆ ಸರ್ವೆಗೆ ಹೋದರೆ ನಾನು ಮೊದಲು ಹುಡುಕುವುದು ಗೋಡೆಯ ಮೇಲೆ ನೀರು ನಿಂತ ಗೆರೆ. ಅಲ್ಲಿ ಅದು ನನ್ನ ಎದೆಮಟ್ಟಕ್ಕಿತ್ತು. ಟೇಪ್ ಹಿಡಿದು ಅಳೆದು, ಟೇಪ್ ಸಮೇತ ಫೋಟೊ ತೆಗೆದೆ. ಗೆರೆಯ ಕೆಳಗಿನ ಮಾಲಿನ ಬಗ್ಗೆ ತಕರಾರು ಇರಲಿಲ್ಲ. ಸೀರೆಗಳ ಮಡಿಕೆ ಬಿಡಿಸಿದರೆ ಒಳಗೆಲ್ಲ ಕೆಸರು, ಒಂದರ ಬಣ್ಣ ಇನ್ನೊಂದಕ್ಕೆ ಹತ್ತಿತ್ತು.

ತಕರಾರು ಇದ್ದದ್ದು ಗೆರೆಯ ಮೇಲಿನ ಎರಡು ಸಾಲು ರ‍್ಯಾಕಿನದು. ಅಲ್ಲಿಗೆ ನೀರು ಮುಟ್ಟಿರಲಿಲ್ಲ. ಆದರೆ ಬಟ್ಟೆಗೆ ಬೂಷ್ಟು ಹಿಡಿದಿತ್ತು, ಮುಗ್ಗಲು ವಾಸನೆ. "ನೀರೇ ತಾಗಿಲ್ಲ ಅಂದ ಮೇಲೆ ನೆರೆ ನಷ್ಟ ಹೇಗಾಗುತ್ತೆ?" ಅಂತ ಕಂಪನಿಯ ಅಧಿಕಾರಿ ಕೇಳಿದರು. ಇಲ್ಲೇ ಪ್ರಾಕ್ಸಿಮೇಟ್ ಕಾಸ್, ಅಂದರೆ ನಷ್ಟಕ್ಕೆ ಮೂಲವಾದ ಕಾರಣದ ತತ್ವ ಕೆಲಸಕ್ಕೆ ಬರುವುದು. ನೀರು ನಿಂತಿತ್ತು, ರಸ್ತೆ ಬಂದ್ ಆಗಿತ್ತು, ಮಾಲೀಕರ ಕುಟುಂಬ ಪರಿಹಾರ ಕೇಂದ್ರದಲ್ಲಿತ್ತು, ಶಟರ್ ತೆಗೆಯಲು ಆಗಲಿಲ್ಲ, ಒಳಗೆ ತೇವ ಕೂತು ಬೂಷ್ಟು ಬಂತು. ನಡುವೆ ಬೇರೆ ಯಾವ ಹೊಸ ಕಾರಣವೂ ಬಂದಿಲ್ಲ. ಹಾಗಾಗಿ ಅದೂ ನೆರೆಯದೇ ನಷ್ಟ.

ಆದರೆ ಇದಕ್ಕೆ ಇನ್ನೊಂದು ಬದಿಯೂ ಇದೆ. ವಿಮೆ ಇಲ್ಲದಿದ್ದರೆ ಹೇಗೆ ಮಾಲು ಉಳಿಸಿಕೊಳ್ಳುತ್ತಿದ್ದರೋ, ವಿಮೆ ಇದ್ದಾಗಲೂ ಹಾಗೇ ಉಳಿಸಬೇಕು. ಆದ್ದರಿಂದ ನೀರು ಇಳಿದ ಮೇಲೆ ಏನು ಮಾಡಿದರು ಅಂತ ವಿಚಾರಿಸಿದೆ. ಶಟರ್ ತೆಗೆದ ದಿನವೇ ಮಹಡಿಯ ಮೇಲೆ ಹಗ್ಗ ಕಟ್ಟಿ ಒಣಹಾಕಿದ್ದರು, ಪಕ್ಕದವರ ಮೊಬೈಲಿನಲ್ಲಿ ಅದರ ಫೋಟೊ ಇತ್ತು. ಅದನ್ನೂ ರಿಪೋರ್ಟಿಗೆ ಸೇರಿಸಿದೆ. ಒಂದು ಮೂಲೆಯಲ್ಲಿ ಇಲಿ ಕಡಿದ ಹಳೆಯ ಥಾನುಗಳಿದ್ದವು. ಅದು ನೆರೆಯ ನಷ್ಟ ಅಲ್ಲ. ಬಿಟ್ಟೆ, ಬಿಟ್ಟಿದ್ದಕ್ಕೆ ಕಾರಣವನ್ನೂ ಬರೆದೆ.

ಆಮೇಲೆ ಬೆಲೆ. ವಿಮೆ ಕೊಡುವುದು ಆದ ನಷ್ಟವನ್ನು ಮಾತ್ರ, ಲಾಭವನ್ನಲ್ಲ. ಹಾಗಾಗಿ ಲೆಕ್ಕ ಖರೀದಿ ದರದಲ್ಲಿ, ಚೀಟಿಯಲ್ಲಿರುವ ಮಾರಾಟ ದರದಲ್ಲಿ ಅಲ್ಲ. ಹಿಂದಿನ ವರ್ಷದ ಕೊನೆಯ ಸ್ಟಾಕಿಗೆ ಈ ವರ್ಷದ ಖರೀದಿ ಕೂಡಿಸಿ, ಆಗಿರುವ ಮಾರಾಟದಿಂದ ಲಾಭ ತೆಗೆದು ಅಸಲು ಕಳೆದರೆ, ನೆರೆಯ ದಿನ ಅಂಗಡಿಯಲ್ಲಿ ಎಷ್ಟು ಮಾಲು ಇರಬೇಕಿತ್ತು ಅಂತ ಸಿಗುತ್ತದೆ. ಬಿಲ್ಲು, ಜಿಎಸ್‌ಟಿ ರಿಟರ್ನ್ ತಾಳೆ ನೋಡಬೇಕು, ಎಣಿಕೆಯನ್ನೂ ಮಾಡಬೇಕು. ಬ್ಯಾಂಕಿಗೆ ಕೊಟ್ಟ ಸ್ಟಾಕ್ ಸ್ಟೇಟ್‌ಮೆಂಟ್ ಮಾತ್ರ ಬೇರೆಯೇ ಕಥೆ ಹೇಳುತ್ತಿತ್ತು. ಓಡಿ (ಓವರ್‌ಡ್ರಾಫ್ಟ್ ಸಾಲ) ಲಿಮಿಟ್ ಉಳಿಸಿಕೊಳ್ಳಲು ಮಾಲು ಜಾಸ್ತಿ ತೋರಿಸುವುದು ಎಷ್ಟೋ ಕಡೆ ನಡೆಯುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಆ ಕಾಗದ ನಷ್ಟದ ದಿನ ನಿಮ್ಮ ವಿರುದ್ಧವೇ ನಿಲ್ಲುತ್ತದೆ, ಯಾಕೆ ಅಂತ ಈಗ ಹೇಳುತ್ತೇನೆ.

ಅಂಕಿಗಳನ್ನು ಸರಳ ಮಾಡಿಕೊಂಡಿದ್ದೇನೆ. ಪಾಲಿಸಿ 20 ಲಕ್ಷದ್ದು. ನೆರೆಯ ದಿನ ಅಂಗಡಿಯಲ್ಲಿದ್ದ ಮಾಲು 32 ಲಕ್ಷದ್ದು. ಹಾಳಾದದ್ದು 16 ಲಕ್ಷದ್ದು. ಒದ್ದೆ ಮಾಲಿಗೆ ಬಿಡ್ ಕರೆದಾಗ ಸಾಲ್ವೇಜ್, ಅಂದರೆ ಹಾಳಾದ ಮಾಲಿನ ಉಳಿಕೆ ಬೆಲೆ ಅಂತ 2 ಲಕ್ಷ ಬಂತು. ಉಳಿದ ನಷ್ಟ 14 ಲಕ್ಷ.

"ಸಾಹೇಬ್ರ, 20 ಲಕ್ಷದ ಪಾಲಿಸಿ ಐತಿ, 14 ಲಕ್ಷ ಲುಕ್ಸಾನ ಆಗೇತಿ. ಅಷ್ಟೂ ಬರಬೇಕಲ್ರೀ?"

ಬರುವುದಿಲ್ಲ. 32 ಲಕ್ಷದ ಮಾಲಿಗೆ 20 ಲಕ್ಷದ ವಿಮೆ ಅಂದರೆ ಕಂಪನಿ ಹೊತ್ತದ್ದು ಶೇ 62.5ರಷ್ಟು ಹೊರೆ, ಉಳಿದದ್ದು ಮಾಲೀಕರದು. ಇದೇ ಆವರೇಜ್ ನಿಯಮ. 14 ಲಕ್ಷದ ಶೇ 62.5 ಅಂದರೆ 8,75,000. ನೆರೆಯಂಥ ಪ್ರಕೃತಿ ವಿಕೋಪಕ್ಕೆ ಆ ಪಾಲಿಸಿಯಲ್ಲಿ ಶೇ 5ರಷ್ಟು ಎಕ್ಸೆಸ್, ಅಂದರೆ ಮಾಲೀಕರೇ ಹೊರಬೇಕಾದ ಪಾಲು ಇತ್ತು. ಅದು 43,750. ಕೈಗೆ ಬರುವುದು 8,31,250. ಬ್ಯಾಂಕಿನ ಉಬ್ಬಿದ ಅಂಕಿಯನ್ನೇ ಹಿಡಿದಿದ್ದರೆ ಇದೂ ಇನ್ನಷ್ಟು ಇಳಿಯುತ್ತಿತ್ತು. ಪುಸ್ತಕ, ಬಿಲ್ಲು, ಎಣಿಕೆ ಮೂರೂ ಒಂದೇ ಮಾತು ಹೇಳುತ್ತಿದ್ದವು, ಅದಕ್ಕೆ ನಾನು ಅದನ್ನೇ ಹಿಡಿದೆ.

ಈ ಲೆಕ್ಕವನ್ನು ಅಂಗಡಿಯ ಕಟ್ಟೆಯ ಮೇಲೆ ಕೂತು, ಅವರದೇ ಖಾತೆ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದು ತೋರಿಸಿದೆ. ಅವರು ಬಹಳ ಹೊತ್ತು ಸುಮ್ನೆ ಕೂತರು. ನನಗೂ ಹೊಟ್ಟೆ ಉರಿಯಿತು. ಪ್ರೀಮಿಯಂನಲ್ಲಿ ಉಳಿಸಿದ್ದು ಸ್ವಲ್ಪ, ಕಳೆದುಕೊಂಡದ್ದು ಲಕ್ಷಗಟ್ಟಲೆ. ಆದರೆ ಮರುಕಪಟ್ಟು ಅಂಕಿ ತಿದ್ದಿದರೆ ನಾನು ಸರ್ವೇಯರ್ ಆಗಿ ಉಳಿಯುವುದಿಲ್ಲ. 2021ರ ಏಪ್ರಿಲ್‌ನಿಂದ ಒಂದೇ ಜಾಗದಲ್ಲಿ 5 ಕೋಟಿವರೆಗಿನ ಆಸ್ತಿ ಇರುವ ಉದ್ಯಮಕ್ಕೆ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ ಪಾಲಿಸಿ ಬಂದಿದೆ. ಅದರಲ್ಲಿ ವಿಮೆ ಮೊತ್ತದಲ್ಲಿ ಶೇ 15ರವರೆಗಿನ ಕೊರತೆಗೆ ಆವರೇಜ್ ಹಾಕುವುದಿಲ್ಲ. ಒಳ್ಳೆಯ ಬದಲಾವಣೆ. ಆದರೂ ಇಷ್ಟು ದೊಡ್ಡ ಕೊರತೆಯನ್ನು ಅದೂ ಮುಚ್ಚುವುದಿಲ್ಲ. ಹಬ್ಬದ ಮುಂಚೆ ಮಾಲು ತುಂಬಿಸುವಾಗಲೇ ಏಜೆಂಟ್‌ಗೆ ಫೋನ್ ಮಾಡಿ ವಿಮೆ ಮೊತ್ತ ಏರಿಸಿಕೊಳ್ಳಿ.

ನಮ್ಮ ರಿಪೋರ್ಟಿನ ಕೊನೆಯಲ್ಲಿ 'ವಿಥೌಟ್ ಪ್ರೆಜುಡಿಸ್' ಅಂತ ಬರೆದಿರುತ್ತದೆ. ನಾನು ಶಿಫಾರಸು ಮಾಡುತ್ತೇನೆ, ತೀರ್ಮಾನ ಕಂಪನಿಯದು ಅಂತ ಅರ್ಥ. ಸರ್ವೇಯರ್ ಮಾತೇ ಕೊನೆಯ ಮಾತಲ್ಲ ಅಂತ ಸುಪ್ರೀಂ ಕೋರ್ಟ್ 2009ರಲ್ಲಿ ಪ್ರದೀಪ್ ಕುಮಾರ್ ಪ್ರಕರಣದಲ್ಲಿ ಹೇಳಿದೆ. ಅದೇ ವರ್ಷ ಶ್ರೀ ವೆಂಕಟೇಶ್ವರ ಸಿಂಡಿಕೇಟ್ ಪ್ರಕರಣದಲ್ಲಿ, ಬೇಕಾದ ರಿಪೋರ್ಟ್ ಸಿಗುವವರೆಗೂ ಕಂಪನಿ ಒಬ್ಬರ ಮೇಲೊಬ್ಬರು ಸರ್ವೇಯರ್‌ಗಳನ್ನು ನೇಮಿಸುತ್ತಾ ಹೋಗುವಂತಿಲ್ಲ ಅಂತಲೂ ಹೇಳಿದೆ. ಈ ಎರಡನೆಯದು ನಮ್ಮಂಥವರ ಬೆನ್ನಿಗಿರುವ ದೊಡ್ಡ ಬಲ.

2024ರ ಐಆರ್‌ಡಿಎಐ ಮಾಸ್ಟರ್ ಸರ್ಕ್ಯುಲರ್ ಪ್ರಕಾರ ಕ್ಲೇಮ್ ತಿಳಿಸಿದ 24 ಗಂಟೆಯೊಳಗೆ ಸರ್ವೇಯರ್ ನೇಮಕ ಆಗಬೇಕು, 15 ದಿನದಲ್ಲಿ ರಿಪೋರ್ಟ್ ಬರಬೇಕು, ಆಮೇಲೆ 7 ದಿನದಲ್ಲಿ ಕಂಪನಿ ತೀರ್ಮಾನಿಸಬೇಕು. ನಮ್ಮ ಮೇಲೆ ಒತ್ತಡ ಜಾಸ್ತಿಯಾಗಿದೆ ನಿಜ, ಆದರೆ ಅಂಗಡಿ ಮುಚ್ಚಿ ಕೂತವರಿಗೆ ಒಂದೊಂದು ದಿನವೂ ಭಾರ. ಕಾಗದಪತ್ರ ಏನೇನು ಬೇಕು ಅನ್ನುವುದನ್ನು ನಾನು ಈಗ ಮೊದಲ ಭೇಟಿಯಲ್ಲೇ ಒಂದೇ ಪತ್ರದಲ್ಲಿ ಬರೆದು ಕೊಡುತ್ತೇನೆ, ಕಂತು ಕಂತಾಗಿ ಕೇಳುವುದಿಲ್ಲ.

ನನ್ನ ಲೆಕ್ಕ ಒಪ್ಪಿಗೆ ಆಗದಿದ್ದರೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಡಿ, ಯಾವ ಅಂಕಿ ಯಾಕೆ ತಪ್ಪು ಅಂತ ಬರೆದು ಕೊಡಿ. ರಿಪೋರ್ಟಿನ ಪ್ರತಿ ಕೇಳಿ ಪಡೆಯಿರಿ. ಮೊದಲು ಕಂಪನಿಗೆ ಲಿಖಿತ ದೂರು ಕೊಡಿ. ಒಂದು ತಿಂಗಳಲ್ಲಿ ಸರಿಯಾದ ಉತ್ತರ ಬರದಿದ್ದರೆ ವಿಮೆಯ ತಕರಾರು ಬಗೆಹರಿಸುವ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಹೋಗಬಹುದು. ಒಬ್ಬರೇ ಮಾಲೀಕರಿರುವ ಅಂಗಡಿಗಳಿಗೂ ಅಲ್ಲಿ ಅವಕಾಶ ಇದೆ, 50 ಲಕ್ಷದವರೆಗಿನ ತಕರಾರು ಕೇಳುತ್ತಾರೆ, ಶುಲ್ಕ ಇಲ್ಲ, ವಕೀಲರೂ ಬೇಕಿಲ್ಲ.